ವೆಸ್ಲಿಯ ಕಾಗದಗಳು ಇಷ್ಟು ಖಾರವೇಕೆ?

ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥ ಕಟ್ಟಿದ ಜಾನ್ ವೆಸ್ಲಿಯ (1703–1791) ಕಾಗದಗಳನ್ನು ಮೊದಲ ಸಲ ಓದಿದವರು ಕೇಳುವುದು ಇದನ್ನೇ: ಧರ್ಮಗುರು ತನ್ನವರಿಗೆ ಹೀಗೆ ಮುಖಕ್ಕೆ ಹೊಡೆದಂತೆ ಬರೆಯುವುದೇ?

ಇವುಗಳಲ್ಲಿ ಬಹಳಷ್ಟು ಪಂಥದ ಆಡಳಿತದ ಕಾಗದಗಳು, ಅದಕ್ಕೇ ಹೀಗೆ. ವೆಸ್ಲಿ ಊರೂರು ತಿರುಗುತ್ತಿದ್ದ. ಒಂದು ಸಂಘದ ಕಡೆ ಮತ್ತೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು; ಅಲ್ಲಿಯವರೆಗೆ ಕಾಗದವೇ ಗತಿ. ಇನ್ನು ಅಂಚೆ ಕೂಲಿ. ದೂರ ಮತ್ತು ಹಾಳೆಗಳ ಲೆಕ್ಕದಲ್ಲಿ ಅದನ್ನು ಸಾಮಾನ್ಯವಾಗಿ ಪಡೆದವನೇ ತೆರಬೇಕಿತ್ತು; ಎರಡನೆಯ ಹಾಳೆ ಸೇರಿಸಿದರೆ ದುಪ್ಪಟ್ಟು. ಲಕೋಟೆಯೂ ಒಂದು ಹಾಳೆಯೇ. ಹಾಗಾಗಿ ಬರೆದ ಹಾಳೆಯನ್ನೇ ಮಡಿಸಿ, ಅರಗಿನ ಮುದ್ರೆ ಒತ್ತಿ, ಹೊರಮೈಯಲ್ಲಿ ವಿಳಾಸ ಬರೆಯುತ್ತಿದ್ದರು. ಉಪಚಾರದ ಮಾತಿಗೆ ಅಲ್ಲಿ ಜಾಗವೆಲ್ಲಿ?

1769ರ ಏಪ್ರಿಲ್ 24ರಂದು ಐರ್ಲೆಂಡಿನ ಲಂಡನ್‌ಡೆರಿಯಿಂದ ರಿಚರ್ಡ್ ಸ್ಟೀಲ್ ಎಂಬ ಬೋಧಕನಿಗೆ ಬರೆದದ್ದನ್ನು ನೋಡಿ. ಕೊಳಕಾಗಿರಬೇಡ, ಹೇನು ತೆಗೆಸಿಕೋ, ಕೂದಲು ಕತ್ತರಿಸದೆ ಶುಚಿಯಾಗಿಡು, ಕಜ್ಜಿ ಇದ್ದರೆ ನಿನಗೂ ಮನೆಯವರಿಗೂ ವಾಸಿ ಮಾಡಿಕೋ, ಒಂದು ಚಮಚ ಗಂಧಕ ಸಾಕು. ವೈದ್ಯ ಹೇಳದೆ ನಶ್ಯವೂ ಬೇಡ, ಹೊಗೆಸೊಪ್ಪೂ ಬೇಡ, ಸಾರಾಯಿ ಮುಟ್ಟಬೇಡ. ಬೋಧಕ ಉಣ್ಣುವುದು, ಮಲಗುವುದು ಭಕ್ತರ ಮನೆಗಳಲ್ಲಿ. ಹಾಗಿರುವಾಗ ಇದು ಬೈಗುಳ ಹೇಗಾದೀತು? ನನ್ನ ಮಟ್ಟಿಗೆ ಇಡೀ ಸಂಗ್ರಹದಲ್ಲೇ ಅತ್ಯಂತ ಕಾಳಜಿಯ ಕಾಗದ ಇದು.

ಅಮೆರಿಕದ ಮೆಥಡಿಸ್ಟರ ಮುಂದಾಳು ಫ್ರಾನ್ಸಿಸ್ ಆಸ್ಬರಿಗೆ 1788ರ ಸೆಪ್ಟೆಂಬರ್ 20ರಂದು ಬರೆದದ್ದು ಮಾತ್ರ ನಿಜವಾದ ಸಿಟ್ಟೇ. ಆಸ್ಬರಿ ಅಲ್ಲಿ ಬಿಷಪ್ ಅನ್ನಿಸಿಕೊಳ್ಳತೊಡಗಿದ್ದ. ನನ್ನನ್ನು ಜನ ಮೂರ್ಖ, ಪುಂಡ ಅನ್ನಲಿ, ಬಿಷಪ್ ಅನ್ನಲು ಬಿಡಲಾರೆ ಎನ್ನುತ್ತಾನೆ ವೆಸ್ಲಿ. ನಾನು ಕಟ್ಟಿದ್ದು ಶಾಲೆ, ನೀವು ಕಾಲೇಜು, ಅದಕ್ಕೆ ನಿಮ್ಮದೇ ಹೆಸರು ಎಂಬ ಚುಚ್ಚೂ ಇದೆ. ಅಲ್ಲಿನ ಇನ್ನೊಬ್ಬ ಮುಂದಾಳು ಥಾಮಸ್ ಕೋಕ್ ಮತ್ತು ಆಸ್ಬರಿ ಇಬ್ಬರ ಹೆಸರು ಕೂಡಿಸಿ ಇಟ್ಟ ಕೋಕ್ಸ್‌ಬರಿ ಕಾಲೇಜಿನ ಮಾತು ಅದು. ಆದರೆ ಅದೇ ಕಾಗದದಲ್ಲಿ ಆಸ್ಬರಿಯನ್ನು ಅಮೆರಿಕದ ಮೆಥಡಿಸ್ಟರ ಅಣ್ಣ, ತನ್ನನ್ನು ಇಡೀ ಮನೆತನದ ತಂದೆ ಎಂದೂ ಕರೆಯುತ್ತಾನೆ. ಗದರಿಕೆಯ ಸಾಲಷ್ಟನ್ನೇ ಎತ್ತಿ ತೋರಿಸುವವರು ಇದನ್ನು ಬಿಟ್ಟುಬಿಡುತ್ತಾರೆ.

ಓದುವಾಗ ತಾರೀಖಿನ ಮೇಲೂ ಕಣ್ಣಿರಲಿ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1739ರ ಫೆಬ್ರವರಿ ಎಂದು ಹಳೆಯ ಲೆಕ್ಕದಲ್ಲಿ ಬರೆದಿದ್ದರೆ ಅದು ನಮ್ಮ 1740. ಇದನ್ನು ಮರೆತರೆ ಉತ್ತರ ಪ್ರಶ್ನೆಗಿಂತ ಮುಂಚೆಯೇ ಬಂದಂತೆ ಕಾಣುತ್ತದೆ.

ಜಾನ್ ಟೆಲ್ಫರ್ಡ್ 1931ರಲ್ಲಿ ಹೊರತಂದ ವೆಸ್ಲಿಯ ಕಾಗದಗಳ 8 ಸಂಪುಟಗಳು ಕಾಲಾನುಕ್ರಮದಲ್ಲಿವೆ. ಅವನ್ನು ಸಾಲಾಗಿ ಓದಬೇಡಿ, ಒಬ್ಬರಿಗೆ ಬರೆದ ಕಾಗದಗಳನ್ನಷ್ಟೇ ಆರಿಸಿಕೊಳ್ಳಿ. ಇಂಗ್ಲೆಂಡಿನ ವಿಟ್ನಿ ಊರಿನ ಆನ್ ಬೋಲ್ಟನ್ ಎಂಬಾಕೆಗೆ ಬರೆದವೇ ನೂರಕ್ಕೂ ಹೆಚ್ಚಿವೆ. ಸಮಾಧಾನದ ಮಾತು ಹುಡುಕುವವರು ಅಲ್ಲಿಂದ ಶುರುಮಾಡಬಹುದು.