ಹತ್ತು ಮಂದಿಯ ಟೂರಿಗೆ ಜಾಸ್ತಿ ರೊಕ್ಕ ಯಾಕೆ?

ಜಾರ್ಜಿಯಾ ದೇಶಕ್ಕೆ ಹೋಗಿ ಬಂದ ಮೇಲೆ ವಿಜಯಪುರದಲ್ಲಿ ಎಲ್ಲರೂ ನನಗೆ ಕೇಳುವ ಪ್ರಶ್ನೆ ಒಂದೇ. ಮದುವೆ ಮನೆ ಇರಲಿ, ಎಪಿಎಂಸಿ ಇರಲಿ, ಸಿದ್ಧೇಶ್ವರ ಗುಡಿಯ ಮುಂದೆ ಇರಲಿ, ಯಾರಾದರೂ ಕೇಳಿಯೇ ಕೇಳುತ್ತಾರೆ. "ಅಕ್ಕಾರ, ಅಷ್ಟ ರೊಕ್ಕಾ ಕೊಟ್ಟು ಹತ್ತ ಮಂದಿ ಜೋಡಿ ಯಾಕ ಹೋದ್ರಿ? ದೊಡ್ಡ ಬಸ್ಸಿನ್ಯಾಗ ಹೋಗಿದ್ರ ಎರಡ ದೇಶ ಆಗ್ತಿದ್ವಲ್ರೀ!" ಅದರ ಬೆನ್ನಿಗೇ ಇನ್ನೊಂದು: "ಅದೂ ಚಾಟ್ನಿ ಹತ್ರ ಬಂದಾಗ?" ನಮ್ಮದು ದ್ರಾಕ್ಷಿ ತೋಟದ ಮನೆ; ಚಾಟ್ನಿ ಅಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ.

ಎರಡಕ್ಕೂ ಉತ್ತರ ಒಂದೇ. ನಾವು ಹೋಗಿದ್ದು ದ್ರಾಕ್ಷಿ ಸುಗ್ಗಿ ನೋಡಲು. ಸುಗ್ಗಿ ನಡೆಯುವುದು ರೈತರ ಮನೆ ಅಂಗಳದಲ್ಲಿ. ಆ ಅಂಗಳದಲ್ಲಿ ನಲವತ್ತು ಜನ ಹಿಡಿಸುವುದಿಲ್ಲ.

ಮೊದಲು ಕಾಲದ ವಿಷಯ ಹೇಳುತ್ತೇನೆ. ದ್ರಾಕ್ಷಿ ತೋಟ ಇರುವ ಮನೆಯವರಿಗೆ ಬಿಡುವು ಎಲ್ಲಿದೆ? ಫೆಬ್ರವರಿ, ಮಾರ್ಚ್‌ನಲ್ಲಿ ಕಟಾವು. ಒಣದ್ರಾಕ್ಷಿ ಮಾಡುವವರಿಗೆ ಅದರ ಜೊತೆಗೇ ಶೆಡ್ಡಿನ ಕೆಲಸ. ಏಪ್ರಿಲ್‌ನಲ್ಲಿ ಮೊದಲ ಚಾಟ್ನಿ. ಆಮೇಲೆ ಚಿಗುರು ಚಿವುಟುವುದು, ಔಷಧ ಹೊಡೆಯುವುದು. ಅಕ್ಟೋಬರ್‌ನಲ್ಲಿ ಫಲದ ಚಾಟ್ನಿ ಮಾಡಿದ ಮೇಲಂತೂ ತೋಟ ಬಿಟ್ಟು ಅಲುಗಾಡುವ ಹಾಗಿಲ್ಲ. ಒಂದು ಅಕಾಲದ ಮಳೆ ಸಾಕು, ಎಲೆಯ ಮೇಲೆ ಡೌನಿ ಎಂಬ ಬೂಷ್ಟು ರೋಗ ಕಾಣಿಸಿಕೊಳ್ಳುತ್ತದೆ. ಮಕ್ಕಳ ಬೇಸಿಗೆ ರಜೆಯಲ್ಲಿ ಎಲ್ಲರೂ ಟೂರ್ ಹೊರಡುತ್ತಾರೆ. ನಮಗೆ ಆಗ ಸಾಧ್ಯವೇ ಇಲ್ಲ. ಉಳಿಯುವುದು ಸೆಪ್ಟೆಂಬರ್. ಆಗ ಕಡ್ಡಿ ಮಾಗಿರುತ್ತದೆ, ಚಾಟ್ನಿಗೆ ಇನ್ನೂ ಸಮಯ ಇರುತ್ತದೆ. ಔಷಧದ ಕೆಲಸವನ್ನು ಮೈದುನ ನೋಡಿಕೊಂಡ. ಹಾಗಾಗಿ ಸೆಪ್ಟೆಂಬರ್ ಕೊನೆಯಲ್ಲಿ ನಾವಿಬ್ಬರು ಹೊರಟೆವು.

ಸರಿಯಾಗಿ ಆಗಲೇ ಜಾರ್ಜಿಯಾದ ಪೂರ್ವಕ್ಕಿರುವ ಕಾಖೇತಿ ಎಂಬ ಸೀಮೆಯಲ್ಲಿ ಸುಗ್ಗಿ ಜೋರಾಗಿರುತ್ತದೆ. ಅದನ್ನು ಅಲ್ಲಿ ರ್ತ್ವೇಲಿ ಎನ್ನುತ್ತಾರೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೂ ನಡೆಯುತ್ತದೆ. ಪಟ್ಟಣಕ್ಕೆ ದುಡಿಯಲು ಹೋದ ಮಕ್ಕಳೂ ಅದಕ್ಕಾಗಿ ಊರಿಗೆ ಬರುತ್ತಾರೆ. ಬೆಟ್ಟದ ಮೇಲೆ ಎಲೆ ಹಳದಿಯಾಗುತ್ತಿರುತ್ತದೆ, ಕೆಳಗೆ ಬಯಲಿನಲ್ಲಿ ಬುಟ್ಟಿ ತುಂಬುತ್ತಿರುತ್ತದೆ. ಬೇಸಿಗೆಯ ಉರಿ ಹೋಗಿರುತ್ತದೆ, ಹಿಮ ಇನ್ನೂ ದೂರ. ದ್ರಾಕ್ಷಿ ಬೆಳೆಯುವ ನಮ್ಮಂಥವರಿಗೆ ಬೇರೆ ದೇಶದಲ್ಲಿ ಇದಕ್ಕಿಂತ ನೋಡಬೇಕಾದದ್ದು ಇನ್ನೇನಿದೆ, ಹೇಳಿ.

ಈಗ ಗುಂಪಿನ ವಿಷಯ. ಸುಗ್ಗಿಗೆ ತಾರೀಖು ಇರುವುದಿಲ್ಲ. ಇದು ನಮ್ಮ ಟಿಕೋಟಾ, ಬಬಲೇಶ್ವರ ಕಡೆಯ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಬ್ರಿಕ್ಸ್ ಮೀಟರ್‌ನಲ್ಲಿ ಸಕ್ಕರೆ ಎಷ್ಟು ತೋರಿಸುತ್ತದೆ, ಆಕಾಶ ಹೇಗಿದೆ, ಅದರ ಮೇಲೆ ಕಟಾವು. ಅಲ್ಲಿಯೂ ಹಾಗೆಯೇ. ನಾವು ಕಾಖೇತಿಗೆ ಹೋಗಬೇಕಾಗಿದ್ದ ದಿನ ಅಲ್ಲಿ ಮಳೆ. ಬೆಳಗ್ಗೆ ತಿಂಡಿ ತಿನ್ನುವಾಗಲೇ ಗೈಡ್ ಹುಡುಗಿ ಆ ಊರಿಗೆ ಫೋನ್ ಮಾಡಿದಳು. ಇವತ್ತು ಕಟಾವು ಇಲ್ಲ ಎಂದರಂತೆ. ಅವಳು ನಮ್ಮ ಕಡೆ ತಿರುಗಿ, ಹಾಗಾದರೆ ಇವತ್ತು ಹಳೆ ರಾಜಧಾನಿ ಮ್‌ತ್‌ಸ್ಖೇತಾ ನೋಡೋಣ, ಕಾಖೇತಿ ಆಮೇಲೆ ಎಂದಳು. ಎಲ್ಲರೂ ಹೂಂ ಎಂದೆವು. ಅಷ್ಟೇ. ದೊಡ್ಡ ಬಸ್ಸಿನಲ್ಲಿ ಇದು ಆಗುವುದಿಲ್ಲ. ಅಲ್ಲಿ ಊಟದ ಜಾಗ, ಹೋಟೆಲ್, ಟಿಕೆಟ್ ಎಲ್ಲವೂ ನಲವತ್ತು ಜನರ ಲೆಕ್ಕದಲ್ಲಿ ತಿಂಗಳುಗಟ್ಟಲೆ ಮೊದಲೇ ಗೊತ್ತಾಗಿರುತ್ತದೆ. ಮಳೆ ಬಂದರೂ ಹೋಗಬೇಕು, ಸುಗ್ಗಿ ಇಲ್ಲದಿದ್ದರೂ ಹೋಗಬೇಕು. ನಮ್ಮ ಸಂಬಂಧಿಕರೊಬ್ಬರು ಅದೇ ಕಾಲಕ್ಕೆ ದೊಡ್ಡ ಗುಂಪಿನಲ್ಲಿ ಅಲ್ಲಿಗೇ ಹೋಗಿದ್ದರು. ಅವರನ್ನು ಹೆದ್ದಾರಿ ಪಕ್ಕದ ದೊಡ್ಡ ವೈನ್ ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದರಂತೆ. ಸ್ಟೀಲ್ ಟ್ಯಾಂಕ್ ನೋಡಿದರು, ಅಂಗಡಿಗೆ ಹೋದರು, ಬಸ್ ಹತ್ತಿದರು. ದ್ರಾಕ್ಷಿ ಬಳ್ಳಿಯನ್ನು ಕಿಟಕಿಯಿಂದ ನೋಡಿದರು.

ನಮಗೆ ಸಿಕ್ಕಿದ್ದು ಬೇರೆಯೇ. ಕಾಖೇತಿಯ ತೆಲಾವಿ ಪಟ್ಟಣದ ಹತ್ತಿರದ ಒಂದು ಹಳ್ಳಿ. ಗೈಡ್‌ಗೆ ಆ ಮನೆಯವರು ವರ್ಷಗಳಿಂದ ಪರಿಚಯ. ಕೈಗೆ ಕತ್ತರಿ, ಬಕೆಟ್ ಕೊಟ್ಟರು. ಸಪೆರಾವಿ ಎಂಬ ಕಪ್ಪು ದ್ರಾಕ್ಷಿ ಕೊಯ್ದೆವು. ಅದರ ಸಿಪ್ಪೆ ಮಾತ್ರ ಅಲ್ಲ, ತಿರುಳೂ ಕೆಂಪು. ಸಾಮಾನ್ಯವಾಗಿ ಕಪ್ಪು ದ್ರಾಕ್ಷಿ ಹಿಂಡಿದರೂ ರಸ ತಿಳಿ ಬಣ್ಣದ್ದೇ ಇರುತ್ತದೆ. ಇದು ಹಾಗಲ್ಲ, ನಮ್ಮ ಬೆರಳು ಎರಡು ದಿನ ಕೆಂಪಾಗಿಯೇ ಇತ್ತು.

ಕೊಯ್ದ ದ್ರಾಕ್ಷಿಯನ್ನು ತುಳಿಯುವುದು ಒಂದೇ ಮರದ ದಿಮ್ಮಿ ಕೊರೆದು ಮಾಡಿದ ಉದ್ದನೆಯ ತೊಟ್ಟಿಯಲ್ಲಿ. ರಸ, ಸಿಪ್ಪೆ, ಬೀಜ ಎಲ್ಲ ಸೇರಿ ಹೋಗುವುದು ನೆಲದಲ್ಲಿ ಕತ್ತಿನವರೆಗೂ ಹೂತಿಟ್ಟ ಮಣ್ಣಿನ ಹಂಡೆಗೆ. ಮೊಟ್ಟೆಯಾಕಾರದ ಈ ಹಂಡೆಯ ಹೆಸರು ಕ್ವೆವ್ರಿ. ಬಾಯಿ ಮುಚ್ಚಿ ಐದಾರು ತಿಂಗಳು ಬಿಡುತ್ತಾರೆ. ನೆಲದ ತಂಪು ಹುಳಿಯುವ ರಸವನ್ನು ಹದದಲ್ಲಿ ಇಡುತ್ತದೆ. ಈ ವಿಧಾನವನ್ನು ಯುನೆಸ್ಕೊ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಜಾರ್ಜಿಯಾದ ದಕ್ಷಿಣದ ಹಳೆಯ ದಿಬ್ಬಗಳಲ್ಲಿ ಸಿಕ್ಕ ಮಡಕೆ ಚೂರುಗಳನ್ನು ಪರೀಕ್ಷಿಸಿ, ಅಲ್ಲಿ ಸುಮಾರು 8000 ವರ್ಷಗಳ ಹಿಂದೆಯೇ ದ್ರಾಕ್ಷಿಯ ವೈನ್ ಮಾಡುತ್ತಿದ್ದರು ಎಂದು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ನಾವು ಕುಡಿಯುವವರಲ್ಲ. ಇದನ್ನೂ ಬಹಳ ಜನ ಕೇಳುತ್ತಾರೆ, ವೈನಿನ ಊರಿಗೆ ನೀವು ಹೋಗಿ ಏನು ಮಾಡಿದಿರಿ ಎಂದು. ಗೈಡ್ ಮೊದಲೇ ಹೇಳಿಟ್ಟಿದ್ದಳು. ನಮ್ಮ ಲೋಟಕ್ಕೆ ಆಗ ತಾನೇ ತುಳಿದ ಸಿಹಿ ರಸ ಬಂತು. ಯಾರೂ ಒತ್ತಾಯ ಮಾಡಲಿಲ್ಲ. ಅದೇ ರಸಕ್ಕೆ ಹಿಟ್ಟು ಹಾಕಿ ಕುದಿಸಿ, ದಾರಕ್ಕೆ ಪೋಣಿಸಿದ ಅಕ್ರೋಟನ್ನು ಅದರಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸುತ್ತಾರೆ. ಅದು ಚುರ್ಚ್‌ಖೇಲಾ. ಚಳಿಗಾಲಕ್ಕೆ ಕೂಡಿಡುವ ತಿಂಡಿ. ಮನೆಯ ಅಜ್ಜಿ ನನಗೆ ಅದ್ದಲು ಕೊಟ್ಟರು. ನಾನು ಒಯ್ದಿದ್ದ ನಮ್ಮ ಒಣದ್ರಾಕ್ಷಿ ಅವರ ಕೈಗಿಟ್ಟೆ.

ಆಮೇಲೆ ಶುರುವಾಯಿತು ನೋಡಿ ಮಾತು. ಮನೆಯ ಯಜಮಾನ ಕೇಳಿದ, ನಿಮ್ಮಲ್ಲಿ ಯಾವಾಗ ಚಾಟ್ನಿ ಅಂತ. ವರ್ಷಕ್ಕೆ ಎರಡು ಸಲ ಎಂದರು ನಮ್ಮವರು. ಅವನು ನಂಬಲಿಲ್ಲ. ಗೈಡ್ ತಪ್ಪು ಹೇಳುತ್ತಿದ್ದಾಳೆ ಅಂದುಕೊಂಡ. ಅಲ್ಲಿ ಚಳಿಗೆ ಎಲೆ ಉದುರಿ ಬಳ್ಳಿ ಮಲಗಿಬಿಡುತ್ತದೆ. ಚಳಿಗಾಲ ಮುಗಿಯುವಾಗ ಒಂದು ಚಾಟ್ನಿ, ಶರತ್ಕಾಲದಲ್ಲಿ ಒಂದು ಬೆಳೆ. ನಮ್ಮ ಬಳ್ಳಿಗೆ ಮಲಗುವಷ್ಟು ಚಳಿ ಇಲ್ಲ. ಅದಕ್ಕೇ ಏಪ್ರಿಲ್‌ನಲ್ಲಿ ಕತ್ತರಿಸಿ ಹೊಸ ಕಡ್ಡಿ ಬೆಳೆಸಿ, ಅದರ ಕಣ್ಣಿನಲ್ಲಿ ಗೊಂಚಲು ಕಟ್ಟಲು ಬಿಟ್ಟು, ಅಕ್ಟೋಬರ್‌ನಲ್ಲಿ ಮತ್ತೆ ಕತ್ತರಿಸಿ ಆ ಗೊಂಚಲನ್ನು ಹೊರಗೆ ತರುತ್ತೇವೆ. ನಮ್ಮವರು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ಎಲ್ಲ ತೋರಿಸಿದರು. ಬೇರಿನ ಮಾತೂ ಬಂತು. ನಾವು ನೀರಿನ ಕೊರತೆ, ಉಪ್ಪು ನೆಲ ತಾಳಲಿ ಅಂತ ಡಾಗ್‌ರಿಡ್ಜ್ ಎಂಬ ತಳಿಯ ಬೇರಿಗೆ ಕಸಿ ಕಟ್ಟುತ್ತೇವೆ. ಅವರು ಕಸಿ ಕಟ್ಟುವುದು ಬೇರು ತಿನ್ನುವ ಫಿಲೊಕ್ಸೆರಾ ಹುಳದಿಂದ ಬಳ್ಳಿ ಉಳಿಯಲಿ ಅಂತ. ಮಾರುಕಟ್ಟೆಯ ಮಾತಿಗೆ ಬಂದಾಗ ಆತ 2006ರ ಕಥೆ ಹೇಳಿದ. ಆ ವರ್ಷ ರಷ್ಯಾ ಜಾರ್ಜಿಯಾದ ವೈನ್ ತರಿಸುವುದನ್ನೇ ನಿಲ್ಲಿಸಿತು. 2013ರವರೆಗೂ ಬಾಗಿಲು ಮುಚ್ಚಿತ್ತು. ಇದ್ದ ದೊಡ್ಡ ಗಿರಾಕಿ ಒಮ್ಮೆಲೇ ಹೋದ. ಹೊರಗಿನ ಮಾಲು ಬಂದು ಒಣದ್ರಾಕ್ಷಿ ರೇಟ್ ಬಿದ್ದಾಗ ನಮ್ಮ ಕಡೆ ಆಗುವ ಸಂಕಟ ನಮಗೆ ಗೊತ್ತು. ನಮ್ಮವರಿಗೆ ಗೈಡ್ ಆ ಮಾತನ್ನು ಪೂರ್ತಿ ಹೇಳಿ ಮುಗಿಸುವ ಮೊದಲೇ ಅರ್ಥವಾಗಿತ್ತು.

ಈ ಮಾತುಕತೆಗೆ ಮಧ್ಯಾಹ್ನ ಪೂರ್ತಿ ಹೋಯಿತು. ನಮ್ಮ ಗುಂಪಿನ ಉಳಿದವರು ಪಕ್ಕದಲ್ಲೇ ರೊಟ್ಟಿ ಬಡಿಯುವುದು ಕಲಿಯುತ್ತಿದ್ದರು. ಯಾರೂ ಗಡಿಯಾರ ನೋಡಲಿಲ್ಲ. ನಾನು ಜಾಸ್ತಿ ರೊಕ್ಕ ಕೊಟ್ಟಿದ್ದು ಈ ಮಧ್ಯಾಹ್ನಕ್ಕೆ. ಹೋಟೆಲ್ ಏನೂ ದೊಡ್ಡದಲ್ಲ, ಸಾಧಾರಣವೇ ಇತ್ತು.

ಸ್ವಂತ ಹೋಗಬಹುದಲ್ಲ ಎಂದು ಹುಡುಗರು ಕೇಳುತ್ತಾರೆ. ಖಂಡಿತ ಹೋಗಬಹುದು. ರಾಜಧಾನಿ ತ್ಬಿಲಿಸಿಯಿಂದ ತೆಲಾವಿಗೆ ಮಾರ್ಶ್ರೂತ್ಕಾ ಎಂಬ ಸಣ್ಣ ಬಸ್ ಸಿಗುತ್ತದೆ, ಖರ್ಚೂ ಕಡಿಮೆ. ಆದರೆ ಅದು ನಿಮ್ಮನ್ನು ಊರಿನ ಚೌಕದಲ್ಲಿ ಇಳಿಸುತ್ತದೆ. ಯಾರ ಮನೆ ಬಾಗಿಲು ತಟ್ಟುತ್ತೀರಿ? ಬೋರ್ಡ್ ಓದಲು ಆಗುವುದಿಲ್ಲ. ಅವರ ಲಿಪಿ ಗುಂಡಗೆ ನಮ್ಮದರ ಹಾಗೆ ಕಂಡರೂ ಒಂದಕ್ಷರ ತಿಳಿಯುವುದಿಲ್ಲ. ಹಳ್ಳಿಯ ಹಿರಿಯರಿಗೆ ಇಂಗ್ಲಿಷ್ ಬರುವುದು ಅಪರೂಪ. ವಯಸ್ಸಿದ್ದು, ವಾರಗಟ್ಟಲೆ ಸಮಯ ಇದ್ದರೆ ಪರಿಚಯ ತಾನಾಗಿಯೇ ಆಗುತ್ತದೆ. ಚಾಟ್ನಿಗೆ ವಾಪಸ್ ಬರಬೇಕಾದ ನಮಗೆ ಆ ಸಮಯ ಇಲ್ಲ.

ಊಟದ ಬಗ್ಗೆ ಹೆದರಬೇಡಿ. ಶುದ್ಧ ಸಸ್ಯಾಹಾರಿಗಳಿಗೆ ಜಾರ್ಜಿಯಾ ಸುಲಭ. ಅಲ್ಲಿನ ಕ್ರೈಸ್ತರು ವರ್ಷದಲ್ಲಿ ಬಹಳ ದಿನ ಉಪವಾಸ ಹಿಡಿಯುತ್ತಾರೆ. ಆಗ ಮಾಂಸ, ಹಾಲು, ಮೊಟ್ಟೆ ಇಲ್ಲ. ಹಾಗಾಗಿ ಕಾಳು, ಸೊಪ್ಪು, ಅಕ್ರೋಟಿನ ಅಡುಗೆ ಬೇಕಾದಷ್ಟಿದೆ. ಮಣ್ಣಿನ ಗಡಿಗೆಯಲ್ಲಿ ಬೇಯಿಸಿದ ರಾಜಮಾ ಲೋಬಿಯೊ, ಅದರ ಜೊತೆ ಮ್ಚಾದಿ ಎಂಬ ಮೆಕ್ಕೆಜೋಳದ ರೊಟ್ಟಿ. ಬದನೆಕಾಯಿ ಒಳಗೆ ಅಕ್ರೋಟು, ಬೆಳ್ಳುಳ್ಳಿ ಅರೆದು ತುಂಬುತ್ತಾರೆ. ಖಾರ ಕಡಿಮೆ ಎನಿಸಿದರೆ ಜೊತೆಗೆ ಶೇಂಗಾ ಚಟ್ನಿ ಪುಡಿ ಇರಲಿ. ದಿನಾ ಮೂರು ಹೊತ್ತು ನಮ್ಮದೇ ಊಟ ಬೇಕು ಎನ್ನುವವರು ಮಾತ್ರ ದೊಡ್ಡ ಗುಂಪಿಗೇ ಹೋಗಿ. ಅವರ ಜೊತೆ ಅಡುಗೆಯವರೇ ಇರುತ್ತಾರೆ, ಅದು ಅವರ ದೊಡ್ಡ ಅನುಕೂಲ.

ಸಣ್ಣ ಗುಂಪಿಗೂ ಕಷ್ಟ ಇದೆ. ಹತ್ತು ಜನರಲ್ಲಿ ಒಬ್ಬರು ಗೊಣಗುವವರಿದ್ದರೆ ತಪ್ಪಿಸಿಕೊಳ್ಳಲು ಜಾಗ ಇಲ್ಲ. ಜನ ಸೇರದಿದ್ದರೆ ಟೂರೇ ರದ್ದಾಗಬಹುದು. ಅದಕ್ಕೆ ಬುಕ್ ಮಾಡುವ ಮೊದಲು ಕೇಳಿ: ಎಷ್ಟು ಜನ ಸೇರಿದರೆ ಹೊರಡುವುದು ಖಾತ್ರಿ, ಗುಂಪು ಅತಿ ಹೆಚ್ಚೆಂದರೆ ಎಷ್ಟು, ಗೈಡ್ ಅಲ್ಲಿಯವರೇ, ರದ್ದಾದರೆ ದುಡ್ಡು ಯಾವಾಗ ವಾಪಸ್. ಸುಮ್ನೆ "ಸ್ಮಾಲ್ ಗ್ರೂಪ್" ಎಂದು ಬರೆದು ಇಪ್ಪತ್ತೈದು ಜನರನ್ನು ಸೇರಿಸುವವರೂ ಇದ್ದಾರೆ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಕಾಖೇತಿಯ ರಾಣಿ ಕೇತೇವಾನಳನ್ನು 1624ರಲ್ಲಿ ಪರ್ಷಿಯಾದ ಶಾ ಅಬ್ಬಾಸ್ ಶಿರಾಜ್‌ನಲ್ಲಿ ಕೊಲ್ಲಿಸಿದ. ಧರ್ಮ ಬಿಡು ಎಂದಾಗ ಆಕೆ ಒಪ್ಪಲಿಲ್ಲ. ಆಕೆಯ ಮೂಳೆಯ ಒಂದು ಭಾಗವನ್ನು ಅಗಸ್ಟೀನಿಯನ್ ಪಾದ್ರಿಗಳು ಎಲ್ಲಿಗೆ ತಂದರು ಗೊತ್ತೇ? ನಮ್ಮ ಹಳೆ ಗೋವಾಕ್ಕೆ. ಆದಿಲ್‌ಶಾಹಿಗಳ ಕೈಯಲ್ಲಿದ್ದು 1510ರಲ್ಲಿ ಪೋರ್ಚುಗೀಸರಿಗೆ ಹೋದ ಅದೇ ಊರು. ಅಲ್ಲಿ ಅರ್ಧ ಗೋಪುರ ಮಾತ್ರ ಉಳಿದಿರುವ ಸೇಂಟ್ ಅಗಸ್ಟೀನ್ ಚರ್ಚಿನ ಪಾಳಿನಲ್ಲಿ ಪುರಾತತ್ವ ಇಲಾಖೆಗೆ ಆ ಮೂಳೆ ಸಿಕ್ಕಿತು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಡಿಎನ್‌ಎ ಪರೀಕ್ಷೆ ಮಾಡಿತು. 2021ರ ಜುಲೈನಲ್ಲಿ ವಿದೇಶಾಂಗ ಸಚಿವ ಜೈಶಂಕರ್ ತ್ಬಿಲಿಸಿಗೆ ಹೋಗಿ ಅದರಲ್ಲೊಂದು ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟರು. ನಮ್ಮೂರು ಎಲ್ಲಿ ಎಂದು ಹೇಳಲು ನಾವು ಗೋವಾದ ಹೆಸರು ತೆಗೆದ ಕೂಡಲೇ ಆ ಮನೆಯ ಅಜ್ಜಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದರು. ಕಾರಣ ಗೈಡ್ ಆಮೇಲೆ ವಿವರಿಸಿದಳು. ಎಷ್ಟೋ ಸಲ ಗೋವಾಕ್ಕೆ ಹೋಗಿದ್ದರೂ ಈ ಕಥೆ ನನಗೆ ಗೊತ್ತಿರಲಿಲ್ಲ.

ಹೋಗುವವರಿಗೆ ಕಾಗದದ ಮಾತು. ನಮಗೆ ಇ-ವೀಸಾ ಇದೆ. ಆದರೂ ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಪ್ರಿಂಟ್ ಮಾಡಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಇಮಿಗ್ರೇಷನ್‌ನಲ್ಲಿ ಕೇಳುತ್ತಾರೆ. ವಿದೇಶಿ ಟೂರ್ ಪ್ಯಾಕೇಜಿನ ಮೇಲೆ ಟಿಸಿಎಸ್ ಎಂದು ತೆರಿಗೆ ಹಿಡಿಯುತ್ತಾರೆ. ದರ ಆಗಾಗ ಬದಲಾಗುತ್ತದೆ, ಕೊಡುವ ಮೊದಲು ವಿಚಾರಿಸಿ. ರೈತರು ಇಲ್ಲಿ ಎಚ್ಚರ ಇರಬೇಕು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಅಂತ ನಮ್ಮಲ್ಲಿ ಬಹಳ ಜನ ರಿಟರ್ನ್ಸ್ ಹಾಕುವುದೇ ಇಲ್ಲ. ಹಾಕದಿದ್ದರೆ ಆ ಟಿಸಿಎಸ್ ದುಡ್ಡು ವಾಪಸ್ ಬರುವುದಿಲ್ಲ. ಪಾನ್ ನಂಬರ್ ಸರಿಯಾಗಿ ಕೊಡಿ, ಆ ವರ್ಷ ರಿಟರ್ನ್ಸ್ ಹಾಕಿ.

ಸೆಪ್ಟೆಂಬರ್‌ಗೆ ಹೋಗುವುದಾದರೆ ಮಾರ್ಚ್ ಹೊತ್ತಿಗೇ, ದ್ರಾಕ್ಷಿ ರೊಕ್ಕ ಕೈಗೆ ಬಂದಾಗ, ಸೀಟು ಹಿಡಿಯಿರಿ. ಹತ್ತು ಜನರ ಗುಂಪು ಬೇಗ ತುಂಬುತ್ತದೆ. ಸುಗ್ಗಿಯ ಮನೆಗಳಂತೂ ಇನ್ನೂ ಬೇಗ.