ಸೋನಿಕ್ ಹೆಡ್ಜ್‌ಹಾಗ್: ಸೀಸೆಯಲ್ಲಿರುವುದು ಎಷ್ಟು, ದೇಹದಲ್ಲಿರುವುದು ಎಷ್ಟು

ಸೋನಿಕ್ ಹೆಡ್ಜ್‌ಹಾಗ್ ಎಂಬುದು ಭ್ರೂಣದ ಕೋಶಗಳಿಗೆ ಏನಾಗಬೇಕೆಂದು ಹೇಳುವ ಸಂಕೇತದ ಪ್ರೋಟೀನು. ಅದರ ರಿಕಾಂಬಿನೆಂಟ್ ಮಾನವ ರೂಪವನ್ನು, ಅಂದರೆ ಮಾನವ ಜೀನನ್ನು ಬೇರೆ ಕೋಶಕ್ಕೆ ಸೇರಿಸಿ ಮಾಡಿಸಿದ್ದನ್ನು, ಪ್ರಯೋಗಾಲಯಗಳು ಕೊಳ್ಳುವುದು ಮೈಕ್ರೊಗ್ರಾಂ ಲೆಕ್ಕದಲ್ಲಿ. ಸಾಮಾನ್ಯವಾಗಿ 25 ಮೈಕ್ರೊಗ್ರಾಂನ ಸಣ್ಣ ಸೀಸೆ ಬರುತ್ತದೆ. ಒಣಗಿಸಿದ ಆ ಪುಡಿ ತಳಕ್ಕೋ ಗೋಡೆಗೋ ಅಂಟಿಕೊಂಡಿದ್ದು ಬರಿಗಣ್ಣಿಗೆ ಕಾಣುವುದೇ ಕಷ್ಟ. ಆದ್ದರಿಂದ ಮುಚ್ಚಳ ತೆಗೆಯುವ ಮೊದಲು ಸೀಸೆಯನ್ನು ಸೆಂಟ್ರಿಫ್ಯೂಜಿನಲ್ಲಿ ಒಮ್ಮೆ ತಿರುಗಿಸಿ ಪುಡಿಯನ್ನೆಲ್ಲ ತಳಕ್ಕೆ ಇಳಿಸಿಕೊಳ್ಳುವುದು ವಾಡಿಕೆ. ರಾಯಚೂರಿನಲ್ಲಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಭ್ರೂಣಶಾಸ್ತ್ರ ಪಾಠ ಮಾಡುವಾಗ ಈ ಪ್ರೋಟೀನಿನ ಮಾತು ಪ್ರತಿ ವರ್ಷ ಬರುತ್ತದೆ, ಮತ್ತು ಪ್ರತಿ ವರ್ಷವೂ ಒಬ್ಬರಲ್ಲ ಒಬ್ಬರು ‘ಮಾನವ’ ಎಂದು ಚೀಟಿಯ ಮೇಲೆ ಬರೆದಿದೆಯಾದ್ದರಿಂದ ಅದು ಮನುಷ್ಯನ ದೇಹದಲ್ಲಿ ಇರುವ ಪ್ರೋಟೀನೇ ಎಂದು ತಿಳಿದಿರುತ್ತಾರೆ. ಆ ತಿಳಿವಳಿಕೆ ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಸೀಸೆಯೊಳಗೆ ಇರುವುದು ಬೇಕೆಂದೇ ಮೊಟಕುಗೊಳಿಸಿದ, ಒಂದು ಕಡೆ ತಿದ್ದಿದ, ಎರಡು ಕಡೆ ಬರಿದಾದ ತುಂಡು. ಏನನ್ನು ಬಿಡಲಾಗಿದೆ ಎಂಬುದು ಗೊತ್ತಿಲ್ಲದೆ ಅದರಿಂದ ಮಾಡಿದ ಪ್ರಯೋಗದ ಫಲಿತಾಂಶವನ್ನು ಓದಲು ಹೊರಟರೆ ಅರ್ಧ ಮಾತ್ರ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ಪ್ರೋಟೀನಿನ ಹೆಸರಿನ ಕಥೆಯನ್ನು ಎಲ್ಲರೂ ಹೇಳುತ್ತಾರಾದ್ದರಿಂದ ನಾನು ಬೇಗ ಮುಗಿಸುತ್ತೇನೆ. ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶೌಸ್ ಅವರು ಹಣ್ಣಿನ ನೊಣದ ಮರಿಹುಳುಗಳಲ್ಲಿ ಅಂಗರಚನೆ ಕೆಡಿಸುವ ಜೀನುಗಳನ್ನು ಹುಡುಕಿ 1980ರಲ್ಲಿ ಪ್ರಕಟಿಸಿದಾಗ, ಮೈತುಂಬ ಮುಳ್ಳೆದ್ದ ಒಂದು ಬಗೆಯ ಮರಿಹುಳುವಿನಿಂದಾಗಿ ಒಂದು ಜೀನಿಗೆ ಮುಳ್ಳುಪ್ರಾಣಿ ಹೆಡ್ಜ್‌ಹಾಗ್‌ನ ಹೆಸರು ಬಂತು. ಈ ಕೆಲಸಕ್ಕೆ ಇಬ್ಬರೂ ಎಡ್ವರ್ಡ್ ಲೂಯಿಸ್ ಅವರೊಡನೆ 1995ರ ನೊಬೆಲ್ ಪ್ರಶಸ್ತಿ ಪಡೆದರು. ಬೆನ್ನೆಲುಬಿರುವ ಪ್ರಾಣಿಗಳಲ್ಲಿಯೂ ಅದೇ ಕುಟುಂಬದ ಜೀನುಗಳಿವೆ ಎಂದು ಕ್ಲಿಫ್ ಟ್ಯಾಬಿನ್, ಆಂಡ್ರೂ ಮೆಕ್‌ಮಹೋನ್ ಮತ್ತು ಫಿಲಿಪ್ ಇಂಗ್ಹಮ್ ಅವರ ತಂಡಗಳು 1993ರಲ್ಲಿ ತೋರಿಸಿದವು. ಅವುಗಳಲ್ಲಿ ಒಂದಕ್ಕೆ ವಿಡಿಯೊ ಗೇಮಿನ ಪಾತ್ರದ ಹೆಸರು ಅಂಟಿಕೊಂಡಿತು.

ಆ ಜೀನು ಸಿಗುವುದಕ್ಕೆ ಕಾಲು ಶತಮಾನ ಮೊದಲೇ ಅದರ ಕೆಲಸ ಕಂಡಿತ್ತು. ಕೋಳಿಯ ಭ್ರೂಣದಲ್ಲಿ ರೆಕ್ಕೆಯಾಗಿ ಬೆಳೆಯಲಿರುವ ಮೊಗ್ಗಿನ ಹಿಂಬದಿಯ ಅಂಚಿನಿಂದ ಒಂದು ಚೂರು ಕೋಶಸಮೂಹವನ್ನು ತೆಗೆದು ಇನ್ನೊಂದು ಮೊಗ್ಗಿನ ಮುಂಬದಿಯ ಅಂಚಿಗೆ ಕೂಡಿಸಿದರೆ, ಮೂರು ಬೆರಳು ಇರಬೇಕಾದ ರೆಕ್ಕೆಯಲ್ಲಿ ಅವುಗಳ ಕನ್ನಡಿ ಪ್ರತಿಬಿಂಬದಂತೆ ಇನ್ನೂ ಮೂರು ಬೆರಳು ಮೂಡುತ್ತವೆ ಎಂದು ಜಾನ್ ಸಾಂಡರ್ಸ್ ಮತ್ತು ಮೇರಿ ಗ್ಯಾಸೆಲಿಂಗ್ 1968ರಲ್ಲಿ ವರದಿ ಮಾಡಿದ್ದರು. ಆ ಚೂರಿನಿಂದ ಏನೋ ಒಂದು ಹೊರಬಂದು ಸುತ್ತಲಿನ ಕೋಶಗಳಿಗೆ ನೀವು ಯಾವ ಬೆರಳಾಗಬೇಕು ಎಂದು ಹೇಳುತ್ತಿದೆ ಎಂಬುದು ಸ್ಪಷ್ಟವಾಗಿತ್ತು. 1993ರಲ್ಲಿ ಟ್ಯಾಬಿನ್ ತಂಡದವರು ಸೋನಿಕ್ ಹೆಡ್ಜ್‌ಹಾಗ್ ತಯಾರಿಸುವ ಕೋಶಗಳನ್ನು ಅದೇ ಮುಂಬದಿಗೆ ಇಟ್ಟಾಗ ಅದೇ ಕನ್ನಡಿ ಬೆರಳುಗಳು ಬಂದವು.

ಒಂದೇ ವಸ್ತು ಬೇರೆ ಬೇರೆ ಕೋಶಗಳಿಗೆ ಬೇರೆ ಬೇರೆ ಆದೇಶ ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಲೂಯಿಸ್ ವೋಲ್ಪರ್ಟ್ 1969ರಲ್ಲಿ ಕೊಟ್ಟ ಉತ್ತರ ಪ್ರಮಾಣದ ಮೇಲೆ ನಿಂತಿದೆ. ನಮ್ಮ ಭಾಗದವರಿಗೆ ಇದನ್ನು ತುಂಗಭದ್ರಾ ಎಡದಂಡೆ ಕಾಲುವೆಯಿಂದ ವಿವರಿಸಬಹುದು: ಮುನಿರಾಬಾದಿನಲ್ಲಿ ಬಿಟ್ಟ ನೀರು ಗಂಗಾವತಿಯ ಕಡೆ ಭತ್ತಕ್ಕೆ ಸಾಲುವಷ್ಟು ಇರುತ್ತದೆ, ಮಾನ್ವಿ ದಾಟಿ ರಾಯಚೂರಿನ ಕೆಳಭಾಗಕ್ಕೆ ಬರುವ ಹೊತ್ತಿಗೆ ಹತ್ತಿಗೋ ಜೋಳಕ್ಕೋ ಮಾತ್ರ ಸಾಕಾಗುತ್ತದೆ, ಅಂದರೆ ಯಾವ ಹೊಲದಲ್ಲಿ ಯಾವ ಬೆಳೆ ಎಂಬುದನ್ನು ನೀರಿನ ಗುಣವಲ್ಲ, ಪ್ರಮಾಣ ನಿರ್ಧರಿಸುತ್ತದೆ. ಭ್ರೂಣದ ಬೆನ್ನುಹುರಿಯಲ್ಲಿಯೂ ಹಾಗೆಯೇ. ಅದರ ಕೆಳಗಿರುವ, ಹೆಡ್ಜ್‌ಹಾಗ್ ಹೊರಬಿಡುವ ನೋಟೊಕಾರ್ಡ್ ಎಂಬ ಕಡ್ಡಿಯಂಥ ರಚನೆಗೆ ಹತ್ತಿರವಾಗಿ ಹೆಚ್ಚು ಹೆಡ್ಜ್‌ಹಾಗ್ ಕಂಡ ಕೋಶಗಳು ಬೆನ್ನುಹುರಿಯ ತಳವಾದ ನೆಲಫಲಕವಾಗುತ್ತವೆ, ಅದಕ್ಕಿಂತ ಮೇಲಿನವು ಸ್ನಾಯುಗಳನ್ನು ಆಡಿಸುವ ನರಕೋಶಗಳಾಗುತ್ತವೆ, ಇನ್ನೂ ಮೇಲಿನವು ಬೇರೆ ಬಗೆಯ ನರಕೋಶಗಳಾಗುತ್ತವೆ. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಭ್ರೂಣದ ಕೋಶ ಪ್ರಮಾಣವನ್ನಷ್ಟೇ ಅಲ್ಲ, ಎಷ್ಟು ಹೊತ್ತು ಆ ಪ್ರಮಾಣ ಇತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಲಿಯ ಪಾದದ ಕೊನೆಯ ಬೆರಳುಗಳು ಸ್ವತಃ ಹೆಡ್ಜ್‌ಹಾಗ್ ತಯಾರಿಸಿದ ಕೋಶಗಳ ಸಂತಾನದಿಂದಲೇ ಆಗುತ್ತವೆ ಎಂದು 2004ರಲ್ಲಿ ತಿಳಿದ ಮೇಲೆ, ದೂರ ಮತ್ತು ಪ್ರಮಾಣ ಎರಡರಿಂದಲೇ ಎಲ್ಲವನ್ನೂ ವಿವರಿಸುವುದು ಸಾಧ್ಯವಿಲ್ಲವೆಂದಾಯಿತು.

ಕೋಶ ಈ ಸಂಕೇತವನ್ನು ಓದುವ ಬಗೆ ವಿದ್ಯಾರ್ಥಿಗಳನ್ನು ಕಾಡಿಸುತ್ತದೆ. ಕೋಶದ ಹೊರಪೊರೆಯಲ್ಲಿ ಪ್ಯಾಚ್ಡ್ ಎಂಬ ಗ್ರಾಹಕವಿದ್ದು, ಅದು ಸ್ಮೂದನ್ಡ್ ಎಂಬ ಇನ್ನೊಂದು ಪ್ರೋಟೀನನ್ನು ಸದಾ ಅದುಮಿ ಇಟ್ಟಿರುತ್ತದೆ. ಹೆಡ್ಜ್‌ಹಾಗ್ ಬಂದು ಪ್ಯಾಚ್ಡ್‌ಗೆ ಅಂಟಿಕೊಂಡಾಗ ಅದರ ಹಿಡಿತ ಸಡಿಲವಾಗಿ ಸ್ಮೂದನ್ಡ್ ಏಳುತ್ತದೆ, ಮತ್ತು ಗ್ಲಿ ಎಂಬ ಪ್ರೋಟೀನುಗಳ ಮೂಲಕ ಜೀನುಗಳು ಚಾಲೂ ಆಗುತ್ತವೆ. ಸಂಕೇತ ಇಲ್ಲಿ ಏನನ್ನೂ ನೇರವಾಗಿ ಹಚ್ಚುವುದಿಲ್ಲ. ಅದುಮಿ ಇಟ್ಟಿದ್ದ ಕೈಯನ್ನು ತೆಗೆಸುತ್ತದೆ, ಅಷ್ಟೇ.

ಈ ದಾರಿ ಮುಚ್ಚಿಹೋದರೆ ಏನಾಗುತ್ತದೆ ಎಂಬುದನ್ನು ಮೊದಲು ತೋರಿಸಿದವು ಕುರಿಗಳು. ಬಳ್ಳಾರಿ ತಳಿಯ ಕುರಿ ಕಾಯುವ ನಮ್ಮ ಹಾಲುಮತದವರ ಹಟ್ಟಿಗಳಲ್ಲಿ ಈ ಕಥೆ ಹೇಳಿದಾಗಲೆಲ್ಲ ಯಾರೂ ಅನುಮಾನ ಪಡುವುದಿಲ್ಲ, ಯಾವ ಸೊಪ್ಪು ಬಸುರಿ ಕುರಿಗೆ ಆಗದು ಎಂಬುದು ಅವರಿಗೆ ಗೊತ್ತಿರುವ ವಿಷಯ. ಅಮೆರಿಕದ ಐಡಾಹೊ ರಾಜ್ಯದಲ್ಲಿ 1950ರ ದಶಕದಲ್ಲಿ ಹಣೆಯ ನಡುವೆ ಒಂದೇ ಕಣ್ಣಿರುವ ಕುರಿಮರಿಗಳು ಹುಟ್ಟುತ್ತಿದ್ದವು. ಬೆಟ್ಟದ ಮೇಲೆ ಬೆಳೆಯುವ ವೆರಾಟ್ರಮ್ ಜಾತಿಯ ಗಿಡವನ್ನು ತಾಯಿಕುರಿ ಗರ್ಭದ 14ನೆಯ ದಿನದ ಆಸುಪಾಸಿನಲ್ಲಿ ಮೇಯ್ದರೆ ಹೀಗಾಗುತ್ತದೆ ಎಂದು ಸರ್ಕಾರಿ ವಿಜ್ಞಾನಿಗಳು ಪತ್ತೆ ಹಚ್ಚಿ, ಅದರೊಳಗಿನ ವಸ್ತುವಿಗೆ ಸೈಕ್ಲೊಪಮೀನ್ ಎಂದು ಹೆಸರಿಟ್ಟರು. ಕಾರಣ ತಿಳಿಯಲು ಇನ್ನೂ ಮೂರು ದಶಕ ಬೇಕಾದವು. ಸೋನಿಕ್ ಹೆಡ್ಜ್‌ಹಾಗ್ ಇಲ್ಲದಂತೆ ಮಾಡಿದ ಇಲಿಮರಿಗಳೂ ಒಂಟಿಗಣ್ಣಿನವಾದವು ಎಂದು 1996ರಲ್ಲಿ ಗೊತ್ತಾಯಿತು. ಅದೇ ವರ್ಷ ಮನುಷ್ಯರಲ್ಲಿ ಮೆದುಳು ಎರಡು ಭಾಗವಾಗಿ ಒಡೆಯದೆ ಉಳಿಯುವ ಹೊಲೊಪ್ರೊಸೆನ್ಸೆಫಲಿ ಎಂಬ ನ್ಯೂನತೆಗೆ 7ನೆಯ ಕ್ರೋಮೋಸೋಮಿನಲ್ಲಿರುವ ಇದೇ ಜೀನಿನ ದೋಷ ಒಂದು ಕಾರಣವೆಂದು ತಿಳಿಯಿತು. ಸೈಕ್ಲೊಪಮೀನ್ ಸ್ಮೂದನ್ಡ್ ಅನ್ನೇ ಹಿಡಿದು ನಿಲ್ಲಿಸುತ್ತದೆ ಎಂಬುದು 2002ರಲ್ಲಿ ಖಚಿತವಾಯಿತು, ಮತ್ತು ಅದೇ ಗುರಿಗೆ ತಾಗುವ ವಿಸ್ಮೊಡೆಗಿಬ್ ಎಂಬ ಔಷಧಿಗೆ 2012ರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರಿಗಾಗಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇತ್ತ ಹೆಬ್ಬೆರಳಿನ ಪಕ್ಕದಲ್ಲಿ ಹೆಚ್ಚುವರಿ ಬೆರಳಿನೊಡನೆ ಹುಟ್ಟುವ ಮಕ್ಕಳನ್ನು ನಮ್ಮ ಹಳ್ಳಿಗಳಲ್ಲಿ ಅದೃಷ್ಟವಂತರೆನ್ನುವುದುಂಟು. ಅಂಥ ಕೆಲವು ಕುಟುಂಬಗಳಲ್ಲಿ ದೋಷವಿರುವುದು ಹೆಡ್ಜ್‌ಹಾಗ್ ಜೀನಿನಲ್ಲಲ್ಲ, ಅದರಿಂದ ಸುಮಾರು 10 ಲಕ್ಷ ಡಿಎನ್‌ಎ ಅಕ್ಷರಗಳಷ್ಟು ದೂರದಲ್ಲಿ ಕುಳಿತು ಕೈಕಾಲಿನ ಮೊಗ್ಗಿನಲ್ಲಿ ಆ ಜೀನನ್ನು ನಡೆಸುವ ಒಂದು ಸಣ್ಣ ತುಣುಕಿನಲ್ಲಿ.

ಈಗ ಸೀಸೆಗೆ ಬರೋಣ. ಮನುಷ್ಯನ ಕೋಶ ಮೊದಲು ತಯಾರಿಸುವುದು 462 ಅಮೈನೋ ಆಮ್ಲಗಳ ಉದ್ದನೆಯ ಸರಪಣಿ. ಅದರ ಮೊದಲ 23 ಆಮ್ಲಗಳು ವಿಳಾಸದ ಚೀಟಿಯಾಗಿ ಕೆಲಸ ಮಾಡಿ ಕತ್ತರಿಸಿ ಹೋಗುತ್ತವೆ. ಉಳಿದದ್ದರ ಹಿಂಭಾಗ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ, ಮತ್ತು ಕತ್ತರಿಸುವ ಆ ಕ್ಷಣದಲ್ಲಿಯೇ ಮುಂಭಾಗದ ತುದಿಗೆ ಒಂದು ಕೊಲೆಸ್ಟರಾಲ್ ಅಣುವನ್ನು ಸೇರಿಸುತ್ತದೆ. ಪ್ರೋಟೀನಿಗೆ ಕೊಲೆಸ್ಟರಾಲ್ ಅಂಟುತ್ತದೆ ಎಂದು ಫಿಲಿಪ್ ಬೀಚಿ ಅವರ ತಂಡ 1996ರಲ್ಲಿ ಹೇಳಿದಾಗ ಅಂಥದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಇನ್ನೊಂದು ತುದಿಯಲ್ಲಿರುವ 24ನೆಯ ಆಮ್ಲವಾದ ಸಿಸ್ಟೀನಿಗೆ ಬೇರೊಂದು ಕಿಣ್ವ ಪಾಮಿಟಿಕ್ ಆಮ್ಲವೆಂಬ ಕೊಬ್ಬಿನ ಬಾಲ ಕಟ್ಟುತ್ತದೆ. ಹೀಗೆ ಎರಡೂ ತುದಿಗಳಲ್ಲಿ ಕೊಬ್ಬು ಹೊತ್ತ, 24ರಿಂದ 197ರವರೆಗಿನ 174 ಅಮೈನೋ ಆಮ್ಲಗಳ ತುಂಡೇ ನಿಜವಾದ ಸಂಕೇತ. ಕೊಬ್ಬು ಹೊತ್ತದ್ದರಿಂದ ಅದು ಕೋಶದ ಪೊರೆಗೆ ಅಂಟಿಕೊಂಡೇ ಇರಲು ಬಯಸುತ್ತದೆ. ಬಿಡಿಸಿ ಹೊರಗೆ ಕಳಿಸಲು ಡಿಸ್ಪ್ಯಾಚ್ಡ್ ಎಂಬ ಮತ್ತೊಂದು ಪ್ರೋಟೀನು ಬೇಕು. ಅದು ಎಷ್ಟು ದೂರ ಹರಡಬಲ್ಲದು ಎಂಬುದಕ್ಕೆ ಈ ಕೊಬ್ಬಿನ ಬಾಲಗಳೇ ಕಡಿವಾಣ.

ಮಾರಾಟಕ್ಕೆ ಬರುವ ಪ್ರೋಟೀನಿನ ಬಹುಪಾಲನ್ನು ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸುತ್ತಾರೆ. ಮಾನವ ಜೀನಿನಿಂದ ಆ 174 ಆಮ್ಲಗಳಿಗೆ ಬೇಕಾದಷ್ಟು ಭಾಗವನ್ನು ಮಾತ್ರ ತೆಗೆದು ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಅದು ಅಗ್ಗವಾಗಿ, ಧಾರಾಳವಾಗಿ ಪ್ರೋಟೀನು ಮಾಡಿಕೊಡುತ್ತದೆ, ಆದರೆ ಕೊಲೆಸ್ಟರಾಲೂ ಅಂಟುವುದಿಲ್ಲ, ಪಾಮಿಟಿಕ್ ಆಮ್ಲವೂ ಅಂಟುವುದಿಲ್ಲ. ಬಾಲವಿಲ್ಲದ ಈ ತುಂಡು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಮತ್ತು ಮಂದವಾಗಿ ಕೆಲಸ ಮಾಡುತ್ತದೆ. ಪಾಮಿಟಿಕ್ ಆಮ್ಲ ಹೊತ್ತ ರೂಪಕ್ಕೆ ಹೋಲಿಸಿದರೆ ಅದರ ಸಾಮರ್ಥ್ಯ ಹತ್ತಾರು ಪಟ್ಟು ಕಡಿಮೆ. ಇದಕ್ಕೆ ಕಂಡುಕೊಂಡ ಉಪಾಯ ಸರಳ. 24ನೆಯ ಸಿಸ್ಟೀನನ್ನು ತೆಗೆದು ಆ ಜಾಗದಲ್ಲಿ ನೀರಿಗೆ ಒಲ್ಲದ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಎರಡು ಬಾರಿ ಇಟ್ಟರೆ, ಕೊಬ್ಬಿನ ಬಾಲದ ಕೆಲಸವನ್ನು ಅವು ಒಂದಷ್ಟು ಮಟ್ಟಿಗೆ ನಿಭಾಯಿಸುತ್ತವೆ. ಚೀಟಿಯ ಮೇಲೆ ‘ಸಿ24ಐಐ’ ಎಂದಿರುವುದು ಇದನ್ನೇ. ಏಕೆ ನಿಭಾಯಿಸುತ್ತವೆ ಎಂಬುದರ ಸುಳಿವು 2018ರಲ್ಲಿ ಸಿಕ್ಕಿತು: ಅತಿಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಆ ಪಾಮಿಟಿಕ್ ಬಾಲ ಪ್ಯಾಚ್ಡ್ ಪ್ರೋಟೀನಿನ ಒಳಗಿನ ಪೊಳ್ಳಿಗೆ ನೇರವಾಗಿ ತೂರಿಕೊಂಡಿರುವುದು ಕಂಡಿತು.

ಸಾಮರ್ಥ್ಯ ಅಳೆಯುವ ಪದ್ಧತಿಯೂ ಗಮನಿಸುವಂಥದ್ದು. ಸಿ3ಎಚ್10ಟಿ1/2 ಎಂಬ, ಇಲಿಯ ಭ್ರೂಣದಿಂದ ಬಂದ ಕೋಶಗಳಿಗೆ ಪ್ರೋಟೀನನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ ಕೆಲವು ದಿನ ಬಿಟ್ಟರೆ ಅವು ಮೂಳೆಯ ಕೋಶಗಳ ದಾರಿ ಹಿಡಿದು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ತಯಾರಿಸತೊಡಗುತ್ತವೆ, ಆ ಕಿಣ್ವ ಬಣ್ಣವಿಲ್ಲದ ದ್ರವವೊಂದನ್ನು ಹಳದಿಯಾಗಿಸುತ್ತದೆ, ಹಳದಿಯ ಗಾಢತೆಯನ್ನು ಯಂತ್ರ ಅಳೆಯುತ್ತದೆ. ಸೀಸೆಯೊಡನೆ ಬರುವ ಹಾಳೆಯಲ್ಲಿ ಇಷ್ಟು ಪ್ರಮಾಣಕ್ಕೆ ಅರ್ಧ ಪರಿಣಾಮ ಎಂದು ಬರೆದಿರುವುದು ಈ ಕೋಶಗಳ ಲೆಕ್ಕ. ಕೋಳಿಯ ಮೊಗ್ಗಿನ ಲೆಕ್ಕ ಅದಲ್ಲ, ಮಾನವ ಕಾಂಡಕೋಶದ ಲೆಕ್ಕವೂ ಅದಲ್ಲ.

ಕೋಳಿಯ ಪ್ರಯೋಗದ ಮೊದಲರ್ಧವನ್ನು ನಾವು ರಾಯಚೂರಿನಲ್ಲಿಯೇ ಮಾಡುತ್ತೇವೆ. ಅಂಗಡಿಯ ಮೊಟ್ಟೆ ಇದಕ್ಕೆ ಬರುವುದಿಲ್ಲ, ಆ ಫಾರಂಗಳಲ್ಲಿ ಹುಂಜ ಇರುವುದಿಲ್ಲವಾದ್ದರಿಂದ ಅವು ಭ್ರೂಣವಿಲ್ಲದ ಮೊಟ್ಟೆಗಳು. ಹಳ್ಳಿಯ ಜವಾರಿ ಮೊಟ್ಟೆಯೇ ಬೇಕು. ಅವನ್ನು 38 ಡಿಗ್ರಿಯಲ್ಲಿ ಮೂರು ದಿನ ಇಡಬೇಕು. ನಮ್ಮ ಊರಿನ ಏಪ್ರಿಲ್‌ನಲ್ಲಿ ಕೋಣೆಯೇ 40 ದಾಟುವುದರಿಂದ, ಬಿಸಿ ಮಾಡಲು ಮಾತ್ರ ಬಲ್ಲ ಇನ್‌ಕ್ಯುಬೇಟರು ಕೈಕಟ್ಟಿ ಕೂರುತ್ತದೆ, ಒಳಗೆ ಭ್ರೂಣಗಳು ಸಾಯುತ್ತವೆ. ಹೀಗಾಗಿ ಈ ಪಾಠವನ್ನು ನಾವು ಚಳಿಗಾಲಕ್ಕೇ ಇಟ್ಟುಕೊಳ್ಳುತ್ತೇವೆ. ಮೊದಲು ಸೂಜಿಯಿಂದ ಎರಡು ಮೂರು ಮಿಲಿಲೀಟರ್ ಬಿಳಿಲೋಳೆ ಹೀರಿ ತೆಗೆದರೆ ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಆಮೇಲೆ ಚಿಪ್ಪಿಗೆ ಟೇಪು ಹಚ್ಚಿ ಸಣ್ಣ ಕತ್ತರಿಯಿಂದ ಕಿಟಕಿ ಕೊರೆದರೆ, ಹಳದಿಯ ಮೇಲೆ ಕೆಂಪು ರಕ್ತನಾಳಗಳ ಜಾಲ, ನಡುವೆ ಬಡಿಯುತ್ತಿರುವ ಹೃದಯ, ಎಡಕ್ಕೆ ಹೊರಳಿ ಮಲಗಿದ ಭ್ರೂಣದ ಬಲಪಕ್ಕದಲ್ಲಿ ಒಂದು ಮಿಲಿಮೀಟರಿನಷ್ಟೂ ಉಬ್ಬಿರದ ರೆಕ್ಕೆಯ ಮೊಗ್ಗು ಕಾಣುತ್ತದೆ. ಸಂಶೋಧನಾಲಯಗಳಲ್ಲಿ ಇದೇ ಹಂತದಲ್ಲಿ ಹೆಡ್ಜ್‌ಹಾಗ್ ದ್ರಾವಣದಲ್ಲಿ ನೆನೆಸಿದ ಸೂಕ್ಷ್ಮ ಮಣಿಯೊಂದನ್ನು ಮೊಗ್ಗಿನ ಮುಂದಂಚಿನಲ್ಲಿ ಕೂಡಿಸುತ್ತಾರೆ. ದ್ರಾವಣ ತೆಳುವಾಗಿದ್ದರೆ ಒಂದು ಹೆಚ್ಚುವರಿ ಬೆರಳು, ಗಟ್ಟಿಯಾಗಿದ್ದರೆ ಪೂರ್ತಿ ಕನ್ನಡಿ ಬೆರಳುಗಳು. ಮನುಷ್ಯನ ಪ್ರೋಟೀನು ಕೋಳಿಯಲ್ಲಿ ಕೆಲಸ ಮಾಡುತ್ತದೆಯೇ ಎಂದು ಕೇಳುವವರಿಗೆ ಉತ್ತರ ಹೌದು, ಈ ಸಂಕೇತಭಾಗ ಕೋಳಿ, ಇಲಿ, ಮನುಷ್ಯ ಮೂವರಲ್ಲಿಯೂ ಬಹುಮಟ್ಟಿಗೆ ಒಂದೇ ಆಗಿದೆ.

ಆದರೆ ಆ ಮಣಿಯಿಂದ ಹೊರಬರುವುದು ಬಾಲವಿಲ್ಲದ, ಸುಲಭವಾಗಿ ಹರಡುವ ತುಂಡು. ಬೆರಳಿನ ಸಂಖ್ಯೆ ಪ್ರಮಾಣಕ್ಕೆ ತಕ್ಕಂತೆ ಬದಲಾಯಿತು ಎಂಬುದನ್ನು ಮಣಿ ಚೆನ್ನಾಗಿ ತೋರಿಸುತ್ತದೆ. ಸಹಜ ಮೊಗ್ಗಿನಲ್ಲಿ ಸಂಕೇತ ಇಷ್ಟೇ ದೂರ, ಹೀಗೆಯೇ ಹರಡುತ್ತದೆ ಎನ್ನುವುದಕ್ಕೆ ಅದು ಸಾಕ್ಷಿಯಾಗಲಾರದು. ಪಠ್ಯಗಳು ಈ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಇಂದು ಈ ಸೀಸೆಗಳು ಹೆಚ್ಚಾಗಿ ಹೋಗುವುದು ಕಾಂಡಕೋಶಗಳ ಪ್ರಯೋಗಾಲಯಗಳಿಗೆ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ನಾಶವಾಗುವಂಥ ಡೋಪಮೀನ್ ನರಕೋಶಗಳನ್ನು ಮಾನವ ಕಾಂಡಕೋಶಗಳಿಂದ ಬೆಳೆಸುವ, 2011ರಲ್ಲಿ ಪ್ರಕಟವಾದ ಹೆಸರಾಂತ ವಿಧಾನದಲ್ಲಿ, ಐಸೊಲ್ಯೂಸಿನ್ ಇಟ್ಟ ಇದೇ ಬಗೆಯ ರೂಪವನ್ನು ಮಿಲಿಲೀಟರಿಗೆ 100 ನ್ಯಾನೊಗ್ರಾಂನಂತೆ ಬಳಸಲಾಗಿತ್ತು, ಜೊತೆಗೆ ಪರ್ಮಾರ್ಫಮೀನ್ ಎಂಬ ರಾಸಾಯನಿಕವೂ ಇತ್ತು. ಪರ್ಮಾರ್ಫಮೀನ್, ಎಸ್‌ಎಜಿ ಇಂಥ ಸಣ್ಣ ಅಣುಗಳು ಪ್ಯಾಚ್ಡ್ ಅನ್ನು ಮುಟ್ಟದೆ ಸ್ಮೂದನ್ಡ್ ಅನ್ನು ನೇರವಾಗಿ ಎಬ್ಬಿಸುತ್ತವೆ. ಅಗ್ಗವಾಗಿವೆ, ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಪ್ರೋಟೀನಿನಂತೆ ಸುಲಭವಾಗಿ ಕೆಡುವುದಿಲ್ಲ. ನಮ್ಮಂಥ ಸಣ್ಣ ಊರಿನ ವಿದ್ಯಾರ್ಥಿ ನಾಳೆ ತನ್ನ ಪ್ರಯೋಗಕ್ಕೆ ಯಾವುದನ್ನು ತರಿಸಲಿ ಎಂದು ಕೇಳಿದರೆ ನಾನು ಮೊದಲು ಅವನ ಪ್ರಶ್ನೆ ಏನೆಂದು ಕೇಳುತ್ತೇನೆ. ದಾರಿ ತೆರೆದಾಗ ಕೋಶ ಏನಾಗುತ್ತದೆ ಎಂಬುದಷ್ಟೇ ಬೇಕಿದ್ದರೆ ಎಸ್‌ಎಜಿ ಸಾಕು. ಪ್ಯಾಚ್ಡ್ ಸಂಕೇತವನ್ನು ಹೇಗೆ ಓದುತ್ತದೆ ಎಂಬುದು ಬೇಕಿದ್ದರೆ ಪ್ರೋಟೀನಿಗೆ ಹಣ ಸುರಿಯಲೇಬೇಕು. ಸಂಕೇತ ಹೇಗೆ ಪ್ರಯಾಣಿಸುತ್ತದೆ ಎಂಬುದು ಬೇಕಿದ್ದರೆ ಬ್ಯಾಕ್ಟೀರಿಯಾದ ಸೀಸೆಯೂ ಸಾಲದು. ಸಸ್ತನಿ ಕೋಶಗಳಲ್ಲಿ ಬೆಳೆಸಿ ಎರಡೂ ಬಾಲಗಳನ್ನು ಉಳಿಸಿಕೊಂಡ ಪ್ರೋಟೀನನ್ನೇ ಹುಡುಕಬೇಕು.