ನೀವು ಬಂದರೆ ನೀರು ಬರುತ್ತೆ

ಈ ವಾರ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಜೈಸಲ್ಮೇರ್ ಹತ್ತಿರದ ಟೆಂಟಿನಲ್ಲಿ ಕೈಗೆ ನೀರು ಹಾಕಿದ ಹುಡುಗ ಹೇಳಿದ್ದು ಒಳ್ಳೆ ಮಾತೋ, ಬೈಗುಳವೋ? ಅಮ್ಮ ಬೈಗುಳ ಅಂತಾಳೆ. ಅಣ್ಣ ಫೋನಿನಲ್ಲಿ ಪೂರ್ತಿ ಕೇಳಿಸಿಕೊಳ್ಳದೆ "ಅಯ್ಯೋ, ಅವನು ಥ್ಯಾಂಕ್ಸ್ ಹೇಳಿದ್ದಾನೆ ಅಷ್ಟೇ, ಸುಮ್ನೆ ತಲೆ ಕೆಡಿಸ್ಕೋಬೇಡಿ" ಅಂತಾನೆ. ನಾನು ಬೆಳಿಗ್ಗೆ ಒಂದು ಪಕ್ಷ, ರಾತ್ರಿ ಇನ್ನೊಂದು ಪಕ್ಷ.

ರಾಜಸ್ಥಾನ ತೋರಿಸು ಅಂತ ಅಮ್ಮ ಯಾರನ್ನೂ ಕೇಳಿರಲಿಲ್ಲ. ಎಪ್ಪತ್ತು ತುಂಬಿತು ಅಂತ ನ್ಯೂಜೆರ್ಸಿಯಲ್ಲಿರುವ ಅಣ್ಣ ಬುಕ್ ಮಾಡಿಬಿಟ್ಟ. ಸಾಮಾನ್ಯ ಟೂರ್ ಅಲ್ಲ, ರಾಯಲ್ ಟೂರ್. ವಿಮಾನ ಇಳಿದಲ್ಲಿಂದ ವಾಪಸ್ ಹತ್ತುವವರೆಗೆ ಜೊತೆಗೊಬ್ಬ ಟೂರ್ ಮ್ಯಾನೇಜರ್. ಸೂಟ್‌ಕೇಸನ್ನು ನಾವು ಮುಟ್ಟುವ ಹಾಗಿಲ್ಲ. ಬಸ್ ಹತ್ತಿದಾಗಲೆಲ್ಲ ತಣ್ಣನೆಯ ಒದ್ದೆ ಟವೆಲ್, ಇಳಿದು ಹೋಟೆಲ್ ಬಾಗಿಲಿಗೆ ಬಂದರೆ ಇನ್ನೊಂದು. ದುಡ್ಡು ಕಳಿಸಿದರೆ ಪ್ರೀತಿ ತಲುಪುತ್ತೆ ಅಂತ ನಂಬಿದವರಲ್ಲಿ ನಮ್ಮಣ್ಣನೂ ಒಬ್ಬ. ಜೊತೆಗೆ ಹೋಗುವ ಕೆಲಸ ನನ್ನದು. ಹಾಗಂತ ನಾನೇನೂ ಮುಖ ಊದಿಸಿಕೊಂಡು ಹೋಗಲಿಲ್ಲ. ಪುಕ್ಕಟೆ ಅರಮನೆ ಯಾರಿಗೆ ಬೇಡ?

ಗುಂಪಿನಲ್ಲಿ ಎಲ್ಲರೂ ಬೆಂಗಳೂರು, ಮೈಸೂರಿನವರೇ. ಅಲ್ಲಿನ ಹೋಟೆಲಿನವರು, ರಾಜರಿಗೆ ಹೇಳುವ ಹಾಗೆ, ಮಾತಿಗೊಮ್ಮೆ "ಹುಕುಮ್" ಅನ್ನುತ್ತಾರೆ. ಎರಡನೇ ದಿನಕ್ಕೆಲ್ಲ ನಮ್ಮವರ ನಡಿಗೆಯೇ ಬದಲಾಯಿತು. ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಇದ್ದರು, ಜಯನಗರದವರು. ಕಾಫಿ ಬಿಸಿ ಇಲ್ಲ, ಬಾತ್‌ಟಬ್ ನೀರು ಸಾಕಷ್ಟು ಬಿಸಿ ಇಲ್ಲ, ಈಜುಕೊಳ ಮಾತ್ರ ಜಾಸ್ತಿ ಬಿಸಿ. ದಿನಾ ಒಂದು ದೂರು. ನಮ್ಮ ಟೂರ್ ಮ್ಯಾನೇಜರ್ ಹಾಸನ ಕಡೆ ಹುಡುಗ. ಅವನ ಮುಖದ ನಗು ರಾತ್ರಿಯಾದರೂ ಇಳಿಯುತ್ತಿರಲಿಲ್ಲ. ಎಲ್ಲದಕ್ಕೂ "ಮಾಡಿಸ್ತೀನಿ ಸಾರ್". ಪಾಪ, ಒಳ್ಳೆ ಹುಡುಗನೇ. ಆದರೆ ನಮ್ಮ ಕಣ್ಣಿಗೆ ಏನೂ ಚುಚ್ಚದ ಹಾಗೆ ನೋಡಿಕೊಳ್ಳುವುದೇ ಅವನ ಕೆಲಸ, ಮತ್ತು ಅವನು ಆ ಕೆಲಸದಲ್ಲಿ ಜಾಣ.

ಆ ಸಂಜೆ ನಡೆದದ್ದು ಇಷ್ಟು. ಜೈಸಲ್ಮೇರ್‌ನಿಂದ ನಲವತ್ತು ಕಿಲೋಮೀಟರ್ ದೂರದ ಸಮ್ ಮರಳುದಿಬ್ಬಗಳ ಕಡೆ ನಮ್ಮ ಟೆಂಟು. ಟೆಂಟು ಅಂದರೆ ಬಟ್ಟೆ ಗೋಡೆಯ ಮನೆ ಅನ್ನಿ. ಒಳಗೆ ಮಂಚ, ಗೀಸರ್, ಶವರ್, ರಾತ್ರಿ ಹಾಸಿಗೆಯೊಳಗೆ ಬಿಸಿನೀರಿನ ಚೀಲ. ಊಟಕ್ಕೆ ಮೊದಲು ಸಾಲಾಗಿ ಕೂರಿಸಿದರು. ಕೇಸರಿ ಪೇಟ ಸುತ್ತಿದ ಹುಡುಗ ಹಿತ್ತಾಳೆ ಚೆಂಬಿನಿಂದ ಒಬ್ಬೊಬ್ಬರ ಕೈಗೂ ನೀರು ಹಾಕುತ್ತಾ ಬಂದ. ಎಡಗೈಯಲ್ಲಿ ಅಗಲದ ಬೋಗುಣಿ. ನೀರಿನಲ್ಲಿ ಗುಲಾಬಿ ದಳ. ನಾವೆಲ್ಲ ಫೋಟೋ ತೆಗೆಯುವುದರಲ್ಲಿದ್ದೆವು. ಅಮ್ಮ ಅವನ ಕೈ ನೋಡುತ್ತಿದ್ದಳು. ಚೆಂಬಿನ ಮೂತಿಗೆ ಹೆಬ್ಬೆರಳು ಅಡ್ಡ ಇಟ್ಟಿದ್ದ. ಧಾರೆ ಸಣ್ಣಗೆ ಬಿದ್ದು, ಬೆರಳು ನೆನೆದ ತಕ್ಷಣ ನಿಲ್ಲುತ್ತಿತ್ತು. ಒಂದು ಹನಿಯೂ ಬೋಗುಣಿಯ ಆಚೆ ಹೋಗುತ್ತಿರಲಿಲ್ಲ. "ಇವನು ನೀರಿಲ್ಲದ ಮನೆಯವನು ಕಣೇ" ಅಂದಳು ನನ್ನ ಕಿವಿಯಲ್ಲಿ.

ಅಮ್ಮ ಹುಟ್ಟಿದ್ದು ಚಳ್ಳಕೆರೆ ಪಕ್ಕದ ಹಳ್ಳಿಯಲ್ಲಿ. ಈ ವಿಷಯದಲ್ಲಿ ಅವಳ ಕಣ್ಣು ತಪ್ಪುವುದು ಕಡಿಮೆ. ಹುಡುಗ ಹತ್ತಿರ ಬಂದಾಗ ಧಾರಾವಾಹಿಯಿಂದ ಕಲಿತ ಹಿಂದಿಯಲ್ಲಿ ಕೇಳಿಯೇಬಿಟ್ಟಳು. "ಬೇಟಾ, ತುಮ್ಹಾರಾ ಘರ್ ಮೇ ಪಾನಿ ಕೈಸಾ?" ನಿಮ್ಮ ಮನೆಯಲ್ಲಿ ನೀರಿಗೆ ಹೇಗಪ್ಪಾ ಅಂತ.

ಹುಡುಗ ಒಮ್ಮೆ ಟೂರ್ ಮ್ಯಾನೇಜರ್ ಕಡೆ ನೋಡಿದ. "ಇಲ್ಲಿ ನೀರಿಗೆ ಏನೂ ಕೊರತೆ ಇಲ್ಲ, ಮಾಜೀ" ಅಂದ. ಮ್ಯಾನೇಜರ್ ನಕ್ಕ. ಬ್ಯಾಂಕಿನವರು "ಕಾಲುವೆ ಬಂದಿದೆಯಲ್ಲಮ್ಮ, ಇಂದಿರಾ ಗಾಂಧಿ ಕಾಲುವೆ" ಅಂತ ಶುರು ಮಾಡಿದರು. ಪಂಜಾಬಿನ ಹರಿಕೆ ಹತ್ತಿರ ಸಟ್ಲೆಜ್, ಬಿಯಾಸ್ ಸೇರುವಲ್ಲಿಂದ ನೀರು ಬರುತ್ತೆ, 1958ರಲ್ಲಿ ಕೆಲಸ ಶುರುವಾಯಿತು. ಎಲ್ಲಾ ಸರಿಯಾಗಿಯೇ ಹೇಳಿದರು. ಮರಳುಗಾಡಿನ ಎಷ್ಟೋ ಊರುಗಳ ಬದುಕನ್ನು ಆ ಕಾಲುವೆ ಬದಲಿಸಿದ್ದೂ ನಿಜ. ಆದರೆ ಅಮ್ಮ ಕೇಳಿದ್ದು ಕಾಲುವೆಯನ್ನಲ್ಲ, ಆ ಹುಡುಗನ ಮನೆಯನ್ನು.

ಊಟ ಮುಗಿದು ಕುಣಿತ ಶುರುವಾಯಿತು. ಅಮ್ಮ ಎದ್ದು ಅಡುಗೆ ಟೆಂಟಿನ ಹಿಂದಕ್ಕೆ ಹೊರಟಳು. ಕತ್ತಲೆ ಅಂತ ನಾನೂ ಹಿಂದೆ ಹೋದೆ. ಹುಡುಗ ಬೋಗುಣಿಯ ನೀರನ್ನು ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿಯುತ್ತಿದ್ದ. ನಾವು ಕೈ ತೊಳೆದ ನೀರು, ದಳಗಳ ಸಮೇತ. ಯಾಕೆ ಅಂದರೆ, ಮೇಕೆಗೆ ಅಂದ. ಮೇಕೆಗಳಿಗೆ ಗುಲಾಬಿಯೂ ಇಷ್ಟವಂತೆ. ಅಮ್ಮ ಮತ್ತೆ ಅದೇ ಪ್ರಶ್ನೆ ಕೇಳಿದಳು. ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು ಅವನು ಹೇಳಿದ: "ಆಪ್ ಲೋಗ್ ಆತೇ ಹೋ ತೋ ಪಾನಿ ಆತಾ ಹೈ." ನೀವು ಬಂದರೆ ನೀರು ಬರುತ್ತೆ. ಸೀಸನ್‌ನಲ್ಲಿ ಕ್ಯಾಂಪುಗಳಿಗೆ ದಿನಾ ಟ್ಯಾಂಕರ್ ಓಡಾಡುತ್ತವೆ. ದಾರಿಯಲ್ಲೇ ಅವನ ಢಾಣಿ, ಅಂದರೆ ನಾಲ್ಕಾರು ಮನೆಗಳ ಹಟ್ಟಿ. ಡ್ರೈವರ್ ಪರಿಚಯದವನು, ಒಂದೆರಡು ಡ್ರಮ್ ಬಿಟ್ಟುಹೋಗುತ್ತಾನೆ.

"ಔರ್ ಹಮ್ ನಹೀ ಆಯಾ ತೋ?" ಅಂದಳು ಅಮ್ಮ. ನಾವು ಬರದೇ ಇದ್ದರೆ?

ಅವನು ನಕ್ಕು, ಬೋಗುಣಿ ಎತ್ತಿಕೊಂಡು ಒಳಗೆ ಹೋದ.

ಅಷ್ಟೇ. ಆದರೆ ಆ ನಗುವನ್ನು ಎಷ್ಟು ಸಲ ನೆನಪಿಸಿಕೊಂಡೆನೋ. ಒಮ್ಮೊಮ್ಮೆ ಅದು ಸಲುಗೆಯ ನಗು ಅನ್ನಿಸುತ್ತೆ. ಇನ್ನೊಮ್ಮೆ, ಇಷ್ಟು ಸುಲಭದ ಪ್ರಶ್ನೆ ಕೇಳ್ತಾರಲ್ಲ ಅನ್ನುವ ನಗು. ಟೂರ್ ಮ್ಯಾನೇಜರ್‌ಗೆ ಮರುದಿನ ಹೇಳಿದೆ. ಅವನಿಗೆ ಖುಷಿಯೋ ಖುಷಿ. "ನೋಡಿ ಮೇಡಂ, ಟೂರಿಸಂನಿಂದ ಎಷ್ಟು ಜನಕ್ಕೆ ಉಪಯೋಗ!" ಅಂದ. ಸುಳ್ಳೂ ಅಲ್ಲ. ನಮ್ಮ ಶವರಿಗೆ ಅಂತ ಬಂದ ಟ್ಯಾಂಕರಿನಿಂದಲೇ ಆ ಹಟ್ಟಿಗೆ ಎರಡು ಡ್ರಮ್ ಸಿಗುತ್ತೆ. ಅಮ್ಮನ ಲೆಕ್ಕ ಬೇರೆ. ನೀರು ತರುವ ದಾರಿ ಗೊತ್ತಿದೆ, ಟ್ಯಾಂಕರ್ ಇದೆ, ರಸ್ತೆ ಇದೆ. ಹಾಗಿದ್ದ ಮೇಲೆ ಅವನ ಮನೆಗೆ ನೀರು ಬರೋಕೆ ನಾವು ಯಾಕೆ ಬರಬೇಕು? ಅವಳಿಗೆ ಇದು ಬೈಗುಳವಾಗಿ ಕೇಳಿಸಿದ್ದು ಇದಕ್ಕೇ.

ಅಲ್ಲಿಂದ ಮುಂದೆ ನನಗೆ ಎಲ್ಲಿ ನೋಡಿದರೂ ನೀರೇ. ಅದಕ್ಕೂ ಮೊದಲು ನೋಡಿದ್ದೆಲ್ಲ ಮತ್ತೆ ನೆನಪಾಗತೊಡಗಿತು.

ಜೈಪುರದ ಸಿಟಿ ಪ್ಯಾಲೇಸಿನಲ್ಲಿ ಎರಡು ಬೆಳ್ಳಿ ಹಂಡೆಗಳಿವೆ. ಒಂದೊಂದೂ 345 ಕಿಲೋ ತೂಕ, ಆಳೆತ್ತರ. 1902ರಲ್ಲಿ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿಗೆ ಹೊರಟ ಮಹಾರಾಜ ಎರಡನೇ ಮಾಧೋ ಸಿಂಗ್ ಅದರಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದರು. ಅಲ್ಲಿನ ನೀರು ಮಡಿಗೆ ಬರಲ್ಲ ಅಂತ. ಒಂದು ಹಂಡೆಗೆ ಸುಮಾರು ನಾಲ್ಕು ಸಾವಿರ ಲೀಟರ್ ಹಿಡಿಯುತ್ತೆ. ಅವತ್ತು ನಾವೆಲ್ಲ ಅದರ ಮುಂದೆ ಸೆಲ್ಫಿ ತೆಗೆದುಕೊಂಡೆವು. ಆದರೆ ವರ್ಷ ಗಮನಿಸಿ. 1899–1900 ರಾಜಸ್ಥಾನ ಕಂಡ ಅತಿ ಕೆಟ್ಟ ಬರಗಳಲ್ಲಿ ಒಂದರ ಕಾಲ. ವಿಕ್ರಮ ಶಕೆಯ 1956ರಲ್ಲಿ ಬಂದದ್ದರಿಂದ ಅದಕ್ಕೆ ಛಪ್ಪನಿಯಾ ಅಕಾಲ, ಅಂದರೆ ಐವತ್ತಾರರ ಬರ, ಅಂತ ಹೆಸರು. ಜನ ಖೇಜ್ಡಿ ಮರದ ತೊಗಟೆ ಕುಟ್ಟಿ ಹಿಟ್ಟು ಮಾಡಿ ತಿಂದರು. ಅದಾಗಿ ಎರಡೇ ವರ್ಷಕ್ಕೆ ಬೆಳ್ಳಿ ಹಂಡೆ ಹಡಗು ಹತ್ತಿದೆ. ಗೈಡ್ ಹಂಡೆಯ ತೂಕ ಹೇಳಿದ, ಗಿನ್ನೆಸ್ ದಾಖಲೆ ಹೇಳಿದ. ಬರ ಹೇಳಲಿಲ್ಲ.

ಆ ಖೇಜ್ಡಿ ಮರವನ್ನು ಗುರುತು ಹಿಡಿದವಳು ಅಮ್ಮನೇ. ಜೋಧಪುರದ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿ, "ಇದು ನಮ್ಮ ಬನ್ನಿ ಮರ ಕಣೇ!" ಅಂತ ಕೂಗಿದಳು. ಹೌದು, ಅದೇ ಮರ. ದಸರೆಯಲ್ಲಿ ನಾವು ಎಲೆ ಕೊಟ್ಟು 'ಬಂಗಾರದಂಗಿರೋಣ' ಅಂತೀವಲ್ಲ, ಅದು. ಜೋಧಪುರದ ಹತ್ತಿರದ ಖೇಜಡ್ಲಿ ಹಳ್ಳಿಯಲ್ಲಿ 1730ರಲ್ಲಿ ಈ ಮರ ಕಡಿಯಲು ರಾಜನ ಆಳುಗಳು ಬಂದಾಗ ಅಮೃತಾದೇವಿ ಮತ್ತು ಅವಳ ಜೊತೆಗೆ ನಿಂತ ಬಿಷ್ಣೋಯಿ ಪಂಥದವರು, ಒಟ್ಟು 363 ಜನ, ಮರ ತಬ್ಬಿಕೊಂಡು ಸತ್ತರು. ಅರಮನೆ ಕಟ್ಟಲು ಸುಣ್ಣ ಸುಡಬೇಕಿತ್ತು, ಅದಕ್ಕೆ ಸೌದೆ. ಈ ಮರದ ಕಾಯಿಯೇ ಸಾಂಗ್ರಿ. ಒಣಗಿಸಿಟ್ಟು, ಕೇರ್ ಅನ್ನುವ ಮುಳ್ಳುಗಿಡದ ಕಾಯಿ ಜೊತೆ ಬೇಯಿಸಿ, ಎಣ್ಣೆ ಮೆಣಸಿನಪುಡಿ ಹಾಕಿ ಪಲ್ಯ ಮಾಡುತ್ತಾರೆ. ಮಳೆ ಕೈಕೊಟ್ಟಾಗ ತಿನ್ನಲು ಉಳಿಯುತ್ತಿದ್ದದ್ದು ಇದು. ಈಗ ಒಣ ಸಾಂಗ್ರಿ ಬೆಲೆಯಲ್ಲಿ ಬಾದಾಮಿಯ ಜೊತೆ ಪೈಪೋಟಿಗೆ ನಿಂತಿದೆ. ನಮಗೆ ಬೆಳ್ಳಿ ಬಟ್ಟಲಲ್ಲಿ ಬಂತು. ಚೂರು ಒಗರು, ಚೂರು ಹುಳಿ, ಬಜ್ರಾ ರೊಟ್ಟಿ ಜೊತೆ ಅದ್ಭುತ. "ನಾಳೆ ಅಣ್ಣೆ ಸೊಪ್ಪನ್ನೂ ಹೀಗೇ ಬೆಳ್ಳಿ ಬಟ್ಟಲಲ್ಲಿ ಇಟ್ಟು ಬಡಿಸ್ತಾರೆ ನೋಡ್ತಿರು" ಅಂದಳು ಅಮ್ಮ. ಎರಡು ಸಲ ಹಾಕಿಸಿಕೊಂಡಳು ಅನ್ನುವುದು ಬೇರೆ ಮಾತು.

ಉಮೈದ್ ಭವನದಲ್ಲಂತೂ ಅವಳು ಗೈಡಿನ ಬಾಯಿ ಕಟ್ಟಿಸಿಬಿಟ್ಟಳು. 347 ಕೋಣೆಗಳ ಅರಮನೆ. ಇಪ್ಪತ್ತರ ದಶಕದಲ್ಲಿ ಮಳೆ ಕೈಕೊಟ್ಟು ಬರ ಬಂದಾಗ ಜನರಿಗೆ ಕೂಲಿ ಸಿಗಲಿ ಅಂತ ಮಹಾರಾಜ ಉಮೈದ್ ಸಿಂಗ್ 1929ರಲ್ಲಿ ಶುರು ಮಾಡಿಸಿದರು, 1943ಕ್ಕೆ ಮುಗಿಯಿತು. ಎರಡು ಮೂರು ಸಾವಿರ ಜನರಿಗೆ ಅನ್ನ ಹುಟ್ಟಿತು ಅಂತ ಗೈಡ್ ಎದೆಯುಬ್ಬಿಸಿ ಹೇಳಿದ. "ಕೂಲಿ ಎಷ್ಟು ಕೊಟ್ಟರಂತೆ ಕೇಳು" ಅಂದಳು ಅಮ್ಮ. ಕೇಳಿದೆ. ಅವನು ಗುಮ್ಮಟದ ಎತ್ತರ ಹೇಳಿದ. ಅರವತ್ತರ ದಶಕದ ಬರದಲ್ಲಿ ನನ್ನ ತಾತ ರಸ್ತೆಗೆ ಜಲ್ಲಿ ಒಡೆದು ಮನೆ ಸಾಕಿದವರು. ಬರದಲ್ಲಿ ಕೆಲಸ ಕೊಟ್ಟವರನ್ನು ಅಮ್ಮ ಯಾವತ್ತೂ ಬೈಯಲ್ಲ. "ಕೆಲಸ ಕೊಟ್ಟಿದ್ದು ಪುಣ್ಯವೇ. ಕೆರೆ ಕಟ್ಟಿಸಿದ್ದರೆ ಇನ್ನೂ ದೊಡ್ಡ ಪುಣ್ಯ" ಅಂದಳು. ಕೆರೆ ಕಾಲುವೆಗಳನ್ನೂ ಆ ಕಾಲದ ರಾಜರು ಕಟ್ಟಿಸಿದ್ದಾರೆ, ಹಾಗಂತ ನಾನೂ ವಾದ ಮಾಡಿದೆ. ಆದರೆ ನಮ್ಮ ಬಸ್ಸು ನಿಲ್ಲುವುದು ಅರಮನೆ ಮುಂದೆ ಮಾತ್ರ, ಅಲ್ವಾ?

ಈ ಅರಮನೆಗಳು ಹೋಟೆಲ್ ಆದದ್ದು, ಸರ್ಕಾರ ಮಾಜಿ ರಾಜರಿಗೆ ಕೊಡುತ್ತಿದ್ದ ರಾಜಧನ ರದ್ದಾದ ಮೇಲೆ ಅಂತ ನಾನು ಅಂದುಕೊಂಡಿದ್ದೆ. ರದ್ದಾದದ್ದು 1971ರಲ್ಲಿ. ಜೈಪುರದ ರಾಮ್‌ಬಾಗ್ 1957ರಲ್ಲೇ ಹೋಟೆಲ್ ಆಗಿತ್ತು, ಉದಯಪುರದ ಸರೋವರದ ಅರಮನೆ 1963ರಲ್ಲಿ. ರಾಜರಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದು ಮೊದಲೇ ಗೊತ್ತಾಗಿತ್ತು. ಮೈಸೂರಿನ ಲಲಿತಮಹಲ್ ಕೂಡ ಇದೇ ದಾರಿ ಹಿಡಿಯಿತಲ್ಲ. ನನಗೆ ಅದರಲ್ಲಿ ತಕರಾರಿಲ್ಲ. ರಾಜ ಮಲಗುತ್ತಿದ್ದ ಕಡೆ ಜಯನಗರದ ಬ್ಯಾಂಕ್ ಅಧಿಕಾರಿ ಮಲಗುವುದು ಪ್ರಜಾಪ್ರಭುತ್ವಕ್ಕೆ ಒಳ್ಳೆಯದೇ. ಒಂದೇ ತೊಂದರೆ, ಅಲ್ಲಿ ಮಲಗಿದವನು ಪ್ರಜೆಯಾಗಿ ಏಳುವುದಿಲ್ಲ.

ಸಮ್‌ಗೆ ಹೋಗುವ ದಾರಿಯಲ್ಲಿ ಕುಲ್ಧರಾ ತೋರಿಸಿದರು. ಪಾಲಿವಾಲ್ ಬ್ರಾಹ್ಮಣರು ಬಿಟ್ಟುಹೋದ ಊರು, ಪಾಳು ಗೋಡೆಗಳು. ಗೈಡ್ ಹೇಳಿದ್ದು ಪೂರ್ತಿ ದೆವ್ವದ ಕಥೆ. ಒಂದೇ ರಾತ್ರಿಯಲ್ಲಿ ಊರು ಖಾಲಿ, ಶಾಪ, ರಾತ್ರಿ ಸದ್ದು. ರೀಲ್ಸ್ ಮಾಡುವ ದಂಪತಿಗೆ ಹಬ್ಬ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳದ ಆ ನೆಲದಲ್ಲಿ ಇದೇ ಪಾಲಿವಾಲರು ಗೋಧಿ ಬೆಳೆಯುತ್ತಿದ್ದರು. ಇಳಿಜಾರಿನ ಕೊನೆಗೆ ಉದ್ದ ಮಣ್ಣಿನ ಏರಿ ಹಾಕುವುದು. ಕಲ್ಲು ನೆಲದ ಮೇಲೆ ಹರಿದು ಬಂದ ಮಳೆನೀರು ಅಲ್ಲಿ ನಿಂತು ಇಂಗಬೇಕು. ಆಮೇಲೆ ಆ ತೇವದಲ್ಲೇ ಬಿತ್ತನೆ. ಇದಕ್ಕೆ ಖಡೀನ್ ಅಂತಾರೆ. ಜೈಸಲ್ಮೇರ್ ಸುತ್ತ ಇವತ್ತಿಗೂ ಇವೆ. ದೆವ್ವಕ್ಕಿಂತ ಇದು ದೊಡ್ಡ ಪವಾಡ. ಒಂದು ಏರಿಯ ಮೇಲೆ ನಿಲ್ಲಿಸಿ ಹತ್ತು ನಿಮಿಷ ಹೇಳಿದ್ದರೆ ನಮ್ಮ ಟೂರಿನ ಘನತೆಗೆ ಏನು ಕಡಿಮೆಯಾಗುತ್ತಿತ್ತು?

ಜೈಸಲ್ಮೇರ್ ಕೋಟೆಯ ಕಥೆ ಇನ್ನೂ ವಿಚಿತ್ರ. 1156ರ ಕೋಟೆ, ಈಗಲೂ ಒಳಗೆ ಜನ ಸಂಸಾರ ಮಾಡುತ್ತಾರೆ. ಅಲ್ಲಿ ಅಪಾಯ ಬಂದಿರುವುದು ನೀರು ಹೆಚ್ಚಾಗಿ. ಕೊಡದಲ್ಲಿ ನೀರು ಹೊರುತ್ತಿದ್ದ ಕಾಲಕ್ಕೆ ಕಟ್ಟಿದ ಕೋಟೆಗೆ ನಲ್ಲಿ ಬಂತು, ಗೆಸ್ಟ್‌ಹೌಸ್ ಬಂದವು, ಶವರ್ ಬಂತು. ಸೋರಿದ ನೀರು ಬುಡದ ಜೇಡಿಮಣ್ಣಿಗೆ ಇಳಿದು ಕೆಲವು ಬುರುಜುಗಳೇ ಕುಸಿದಿವೆ. ಅಲ್ಲೂ ನಾವು ಬಂದಮೇಲೆ ನೀರು ಬಂತು.

ಇದನ್ನೆಲ್ಲ ಬರೆಯುವಾಗ ನನಗೇ ನಗು ಬರುತ್ತೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್ ಹಾರ್ನ್ ಕೇಳಿದರೆ ಮೂರನೇ ಮಹಡಿಯಿಂದ ಇಣುಕುತ್ತಿದ್ದೆವು. 900 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಹುಡುಗನಿಗೆ ಅದನ್ನು ಹೇಳಬಹುದಿತ್ತು. ನಂಬುತ್ತಿದ್ದನೋ ಇಲ್ಲವೋ.

ನಿನ್ನೆ ಟೂರ್ ಕಂಪನಿಯಿಂದ ಫೀಡ್‌ಬ್ಯಾಕ್ ಫಾರ್ಮ್ ಬಂತು. 'ಏನಾದರೂ ಸಲಹೆ?' ಅನ್ನುವ ಜಾಗದಲ್ಲಿ ಉದ್ದಕ್ಕೆ ಬರೆದೆ. ಖಡೀನ್ ತೋರಿಸಿ, ಮನೆಗಳಲ್ಲಿ ಮಳೆನೀರು ಹಿಡಿದಿಡುವ ನೆಲದಡಿಯ ತೊಟ್ಟಿ, ಅಂದರೆ ಟಾಂಕಾ ತೋರಿಸಿ, ಕ್ಯಾಂಪಿನವರ ಜೊತೆ ಮಾತಾಡಿ ಹಟ್ಟಿಗಳಿಗೂ ವರ್ಷಪೂರ್ತಿ ಟ್ಯಾಂಕರ್ ಬರುವ ಹಾಗೆ ಮಾಡಲು ಆಗುತ್ತಾ ನೋಡಿ, ಅದಕ್ಕೆ ತಲೆಗಿಷ್ಟು ಅಂತ ಜಾಸ್ತಿ ದುಡ್ಡು ತೆಗೆದುಕೊಂಡರೂ ಪರವಾಗಿಲ್ಲ ಅಂತ. ಇವತ್ತು ಬೆಳಿಗ್ಗೆ ಒಬ್ಬಳು ಹುಡುಗಿ ಫೋನ್ ಮಾಡಿದಳು. ತುಂಬಾ ವಿನಯ. "ಮೇಡಂ, ನಿಮ್ಮ ಟೆಂಟಿನಲ್ಲಿ ನೀರಿನ ಸಮಸ್ಯೆ ಆಯ್ತು ಅಂತ ಬರೆದಿದ್ದೀರಿ, ಸಾರಿ. ಮುಂದಿನ ಟೂರಿಗೆ ಡಿಸ್ಕೌಂಟ್ ಕೊಡ್ತೀವಿ" ಅಂದಳು. ಅಲ್ಲಮ್ಮ, ಹಾಗಲ್ಲ ಅಂತ ನಾನು ಬಿಡಿಸಿ ಹೇಳಲು ಹೊರಟೆ. ಪಕ್ಕದಲ್ಲಿ ಬೀನ್ಸ್ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಿದಳು. "ಡಿಸ್ಕೌಂಟ್ ಬೇಡ ಅನ್ನಬೇಡ. ಕಚ್‌ಗೆ ಯಾವಾಗ ಹೋಗ್ತಾರೆ ಕೇಳು."